ಪೂಜೆಗೆ ಕೂತ ಕರಣೆ

ನಿಟ್ಟುವಳ್ಳಿಯ ನಮ್ಮ ಓಣಿಯಲ್ಲಿ ಗಾರೆ ಮೇಸ್ತ್ರಿ ಕೆಂಚಣ್ಣನ ಮನೆ ಯಾವುದೆಂದು ಕೇಳಿದರೆ, ಗಿಲಾವು ಕಾಣದ ಮನೆ ಎಂದು ಯಾರಾದರೂ ಕೈ ಮಾಡಿ ತೋರಿಸುತ್ತಾರೆ. ದಾವಣಗೆರೆ, ಹರಿಹರ ಎರಡೂ ಊರಿನ ಗೋಡೆಗಳನ್ನು ನುಣುಪು ಮಾಡಿದ ಮನುಷ್ಯ, ತನ್ನ ಮನೆಯ ಇಟ್ಟಿಗೆಯನ್ನು ಹಾಗೇ ಬಿಟ್ಟಿದ್ದ. ಬಿಡುವು ಸಿಕ್ಕಾಗಲೆಲ್ಲ ಅವನು ಕೆಲಸ ಮಾಡುವ ಕಟ್ಟಡ ಕಂಪನಿಯವರು ಕರೆಯುತ್ತಿದ್ದರು, ಇವನು ಊಟದ ತಟ್ಟೆ ಸರಿಸಿ ಹೋಗುತ್ತಿದ್ದ. ನಾನು ಎದುರು ಮನೆಯವನು, ಇದನ್ನೆಲ್ಲ ನೋಡಿ ನೋಡಿ ಹೊಟ್ಟೆ ಉರಿಸಿಕೊಂಡವನು.

ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದು ಪ್ರಯೋಜನವೂ ಇಲ್ಲ, ಇದು ಅಚ್ಚಾಗುವಷ್ಟರಲ್ಲಿ ಅದು ಬೇರೆ ಹೆಸರಿನ ಬೋರ್ಡು ಹಾಕಿಕೊಂಡಿರುತ್ತದೆ. ಯಜಮಾನರು ಕೊಟ್ರೇಶ್. ಅಪ್ಪನ ಕಾಲದ ಕಾಳಿನ ವ್ಯಾಪಾರ ಬಿಟ್ಟು ಕಟ್ಟಡಕ್ಕೆ ಇಳಿದವರು. ಹರಿಹರದ ರಸ್ತೆಯಲ್ಲಿ ‘ಹೊಳೆ ಕಾಣುವ ಮನೆಗಳು’ ಎಂದು ದೊಡ್ಡ ಬೋರ್ಡು ನಿಲ್ಲಿಸಿ ಫ್ಲಾಟು ಕಟ್ಟಿಸಲು ಹೊರಟರು. ಹೊಳೆ ಕಾಣುವುದು ಸುಳ್ಳಲ್ಲ, ನೀರಿನ ಟ್ಯಾಂಕಿನ ಮೇಲೆ ಹತ್ತಿ ನಿಂತು ಕತ್ತು ಚಾಚಿದರೆ ಕಾಣುತ್ತದೆ.

ಕೊಕ್ಕನೂರಿನಿಂದ ಬಂದು ಮೂವತ್ತು ವರ್ಷ ಗಾರೆ ಕಲಸಿದ ಕೆಂಚಣ್ಣನನ್ನು ಯಾರೂ ಅಲ್ಲಿಯತನಕ ಹೆಗಲ ಮೇಲೆ ಕೈ ಹಾಕಿ ಮಾತಾಡಿಸಿರಲಿಲ್ಲ. ಕೊಟ್ರೇಶ್ ಹಾಕಿದರು. “ನೀವು ಕೂಲಿಯೋರಲ್ಲ, ನಮ್ಮ ಫ್ಯಾಮಿಲಿ” ಎಂದರು. ಎದೆಯ ಮೇಲೆ ‘ಒಂದೇ ಕುಟುಂಬ’ ಎಂದು ಬರೆದ ಹಳದಿ ಟೀ ಶರ್ಟು ಕೊಟ್ಟರು. ಕೆಂಚಣ್ಣ ಅದನ್ನು ಮದುವೆ ಮುಂಜಿಗೂ ಹಾಕಿಕೊಂಡು ಹೋದ. ಅವನ ಕೈಕೆಳಗಿನ ಗಾರೆಯವರು, ಟೈಲ್ಸಿನವರು ಪಗಾರ ಬಾಕಿ ಉಳಿದಿದೆ ಎಂದು ಗೊಣಗಿದರೆ ಸಾಕು, ಸಾಹುಕಾರರಿಗಿಂತ ಮೊದಲು ಇವನೇ ಸಿಟ್ಟಾಗುತ್ತಿದ್ದ.

ಬಾಕಿ ತಿಂಗಳು ತಿಂಗಳು ಬೆಳೆಯಿತು. ಕೇಳಿದಾಗಲೆಲ್ಲ ಕೊಟ್ರೇಶ್ ಬಾಯಲ್ಲಿ ಒಂದೇ ಮಾತು: “ಹಬ್ಬ ಆಗ್ಲಿ, ಸೆಟ್ಲ್ ಮಾಡಣ.” ಯುಗಾದಿ ಆಯಿತು, ಗಣಪತಿ ಹಬ್ಬ ಆಯಿತು. ನಮ್ಮಲ್ಲಿ ಹಬ್ಬಗಳಿಗೆ ಬರವಿಲ್ಲದಿರುವುದರಿಂದ ಸಾಹುಕಾರರಿಗೆ ಮಾತು ಬದಲಿಸುವ ಅಗತ್ಯವೇ ಬೀಳಲಿಲ್ಲ.

ಹೀಗಿರುವಾಗ ಆಯುಧಪೂಜೆ ಬಂತು. ಪ್ರತಿ ವರ್ಷ ಕೆಲಸದವರು ಅವರವರ ಮನೆಯಲ್ಲೇ ಹತ್ಯಾರ ತೊಳೆದು, ವಿಭೂತಿ ಬಳಿದು ಪೂಜೆ ಮಾಡುತ್ತಿದ್ದರು. ಈ ಸಲ ಕೊಟ್ರೇಶ್ ಒಂದು ಹೊಸ ಯೋಚನೆ ತೆಗೆದರು. ಎಲ್ಲರ ಹತ್ಯಾರವನ್ನೂ ಸೈಟಿನ ಆಫೀಸಿನಲ್ಲಿ ಒಟ್ಟಿಗೆ ಇಟ್ಟು ಪೂಜೆ ಮಾಡುವುದು, ಫ್ಲಾಟು ಕೊಳ್ಳುವವರನ್ನು ಕರೆದು ಫೋಟೊ ತೆಗೆಸುವುದು. ಕೆಂಚಣ್ಣ ಮನೆ ಮನೆಗೆ ಹೋಗಿ ಎಲ್ಲರನ್ನೂ ಒಪ್ಪಿಸಿದ. ಗಾರೆ ಮೆತ್ತುವ ಕರಣೆ, ಸುತ್ತಿಗೆ, ರಸಮಟ್ಟ, ಉದ್ದನೆಯ ಮಟ್ಟಗೋಲು, ಸಾರ್ವೆಯ ಹಲಗೆ, ಎಲ್ಲ ಬಂದವು. ವಿನೋಬನಗರದ ಪರಶುರಾಮ್ ತನ್ನ ಟೈಲ್ಸ್ ಕತ್ತರಿಸುವ ಮಷಿನ್ ತಂದಿಟ್ಟ. ಹೆಂಡತಿಯ ಬೆಂಡೋಲೆ ಅಡವಿಟ್ಟು ಕೊಂಡ ಮಷಿನ್ ಅದು, ಅದಿಲ್ಲದಿದ್ದರೆ ಅವನಿಗೆ ಟೈಲ್ಸ್ ಕೆಲಸವಿಲ್ಲ.

ಚೆಂಡುಹೂವಿನ ಮಾಲೆ ಹಾಕಿ, ಕುಂಬಳಕಾಯಿ ಒಡೆದು ಪೂಜೆ ಭರ್ಜರಿಯಾಗಿಯೇ ನಡೆಯಿತು. ಬೋನಸ್ ಎಂದು ಒಬ್ಬೊಬ್ಬರಿಗೆ ಮಂಡಕ್ಕಿ, ಎರಡು ಮೆಣಸಿನಕಾಯಿ ಬಜ್ಜಿ ಕೊಟ್ಟರು. ಸಂಜೆ ಹೊರಡುವಾಗ ಪರಶುರಾಮ್ ಮೆಲ್ಲಗೆ ತನ್ನ ಮಷಿನ್ನಿನ ಮೇಲಿನ ಹೂವು ಸರಿಸಿದ.

“ಮೇಸ್ತ್ರಿ, ನಾಳೆ ನಮ್ಮ ಓಣ್ಯಾಗೆ ಒಂದು ಬಾತ್‌ರೂಮ್ ಕೆಲಸ ಐತೆ. ತಗೊಂಡು ಹೋಗ್ತೀನಿ.”

“ಏನ್ ಮಾಡ್ತಿಯೋ? ಪೂಜೆಗೆ ಇಟ್ಟಿದ್ದು ಇಳಿಸೋ ತನಕ ಮುಟ್ಟಬಾರ್ದು ಅಂತ ಗೊತ್ತಿಲ್ವಾ? ನಾಳೆ ದಶಮಿ ದಿನ ಸಾವ್ಕಾರ್ರು ಬಂದು ಇಳಿಸಿ ಕೊಡ್ತಾರೆ. ಇಡು ಅಲ್ಲೇ.”

ಪರಶುರಾಮ್ ಇಟ್ಟ. ಹೂವನ್ನು ಮೊದಲಿದ್ದ ಹಾಗೆ ಸರಿಮಾಡಿ ಇಟ್ಟ.

ಮರುದಿನ ಬೆಳಿಗ್ಗೆ ಹೋದರೆ ಗೇಟಿಗೆ ಬೀಗ. ಸಾಹುಕಾರರ ಫೋನು ಬಂದ್. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಮೊಬೈಲಿಗೂ ಅವರಿಂದ ಒಂದು ಚಿತ್ರ ಬಂತು. ಬನ್ನಿ ಎಲೆಗಳ ಚಿತ್ರ, ಕೆಳಗೆ ‘ಬನ್ನಿ ತಗೊಂಡು ಬಂಗಾರದಂಗೆ ಇರೋಣ’ ಎಂದು ಬರೆದಿತ್ತು. ಪಗಾರದ ಬದಲಿಗೆ ಬಂಗಾರವನ್ನೇ ಕಳಿಸಿದ ಧಾರಾಳತನವನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಆ ವಾರದಲ್ಲೇ ಕಂಪನಿ ದಿವಾಳಿ ಎಂದು ಗೊತ್ತಾಯಿತು. ಸಾಲ ಕೊಟ್ಟ ಬ್ಯಾಂಕಿನವರು ಬಂದು ಆಫೀಸಿನ ಮುಂಬಾಗಿಲಿಗೆ ಅರಗಿನ ಸೀಲು ಹಾಕಿದರು. ಒಳಗೆ ಹತ್ಯಾರಗಳು ಹೂವು ಮುಡಿದು ಕೂತಿದ್ದವು.

ಸೈಟಿನ ಶೆಡ್ಡುಗಳಲ್ಲಿ ರಾಯಚೂರು ಕಡೆಯ ಕೂಲಿ ಸಂಸಾರಗಳಿದ್ದವು. ಅವರಿಗೆ ಮೊದಲು ಕರೆಂಟು ಹೋಯಿತು, ಆಮೇಲೆ ನೀರು ಹೋಯಿತು, ಕೊನೆಗೆ ಯಾರೋ ಬಂದು ಪಾತ್ರೆಗಳನ್ನು ರಸ್ತೆಗೆ ಎಸೆದರು. ಗೇಟಿನ ಮುಂದೆ ನಿಂತು ಪಗಾರ ಕೇಳಿದ ಇಬ್ಬರನ್ನು ಅತಿಕ್ರಮ ಪ್ರವೇಶ ಎಂದು ಠಾಣೆಯಲ್ಲಿ ಇಡೀ ದಿನ ಕೂರಿಸಿದರು. ಅವರೇ ಕಟ್ಟಿದ ಗೇಟು, ಅದರ ಹೊರಗೆ ನಿಂತಿದ್ದೇ ಅತಿಕ್ರಮ. ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ಕೆಂಚಣ್ಣ ಬ್ಯಾಂಕಿಗೆ ಹೋಗಿ, ಒಳಗಿರುವ ಹತ್ಯಾರ ನಮ್ಮವು ಎಂದ. ಅಲ್ಲಿಯ ಅಧಿಕಾರಿ ತಾಳ್ಮೆಯ ಮನುಷ್ಯ.

“ಸೀಲ್ ಒಳಗಿರೋದೆಲ್ಲ ಕಂಪನಿ ಆಸ್ತಿ ಕಣ್ರಿ. ನಿಮ್ಮವು ಅನ್ನೋಕೆ ಬಿಲ್ ಐತಾ?”

“ಕರಣೆಗೆ ಯಾರು ಬಿಲ್ ಇಟ್ಕೊಂತಾರ್ರಿ? ಹಿಡಿ ನೋಡಿದ್ರೆ ನನ್ನ ಕೈ ಗುರುತು ಐತೆ.”

“ಕೈ ಗುರುತು ನಡೆಯಲ್ಲ. ಕಂಪನಿಯಿಂದ ಲೆಟರ್ ತಗೊಂಡು ಬನ್ನಿ.”

ಕಂಪನಿಯನ್ನು ಎಲ್ಲಿಂದ ತರುವುದೆಂದು ಅವರೂ ಹೇಳಲಿಲ್ಲ, ಇವನಿಗೂ ಹೊಳೆಯಲಿಲ್ಲ.

ಗಾರೆಯವರು ಹೇಗೋ ಇಸಿದುಕೊಂಡ ಕರಣೆಯಲ್ಲಿ ಕೂಲಿ ಹಿಡಿದರು. ಪರಶುರಾಮ್‌ಗೆ ಮಷಿನ್ ಯಾರು ಕೊಡುತ್ತಾರೆ? ಅವನು ಅಕ್ಕಿ ಗಿರಣಿಯಲ್ಲಿ ಚೀಲ ಹೊರಲು ಸೇರಿದ. ಬೆನ್ನಿನ ಚರ್ಮ ಕಿತ್ತು ಬಂದಿದೆ ಎಂದು ಸುದ್ದಿ ಬಂತು. ಕೆಂಚಣ್ಣ ಎದುರಿಗೆ ಸಿಕ್ಕರೆ ಅವನು ರಸ್ತೆಯ ಆಚೆ ಬದಿಗೆ ದಾಟುತ್ತಿದ್ದ. ಅದು ಕೆಂಚಣ್ಣನ ಊಟ ನಿದ್ದೆ ಎರಡನ್ನೂ ಕೆಡಿಸಿತು. ಪಗಾರ ಹೋದದ್ದಕ್ಕೆ ಅಷ್ಟು ಅಳದವನು, “ಹೂವು ಸರಿಸಿದ್ನಲ್ಲ, ನಾನು ಸುಮ್ನಿದ್ದಿದ್ರೆ ಒಯ್ದಿರ್ತಿದ್ದ” ಎಂದು ನನ್ನ ಕಟ್ಟೆಯ ಮೇಲೆ ಕೂತು ಕಣ್ಣು ಒರೆಸಿಕೊಂಡ. ಅವನ ಹೆಂಡತಿ ನೀಲಕ್ಕ ಆ ಹಳದಿ ಟೀ ಶರ್ಟನ್ನು ಒಲೆ ಒರೆಸಲು ಇಟ್ಟುಕೊಂಡಳು.

“ಒಂದೇ ಕುಟುಂಬ ಅಂತೆ,” ಅಂದಳು. “ಮಸಿ ಚಲೋ ಹೀರ್ತೈತೆ.”

ಒಂದು ದಿನ ಸೈಟಿನ ವಾಚ್‌ಮನ್ ಮಕ್ತುಮ್ ಸಾಬ್ ನಮ್ಮ ಓಣಿಗೆ ಬಂದ. ಅವನಿಗೂ ಪಗಾರವಿಲ್ಲ, ಆದರೆ ಬಿಟ್ಟರೆ ಬಾಕಿಯೂ ಹೋದೀತೆಂದು ಕಾವಲು ಬಿಟ್ಟಿರಲಿಲ್ಲ. ಅವನು ಹೇಳಿದ್ದಿಷ್ಟು. ಕೊಟ್ರೇಶ್ ಟೆಂಪೋ ತಂದು ಆಫೀಸಿನ ಎಸಿ, ಸೋಫಾ, ಕಂಪ್ಯೂಟರು ಎಲ್ಲ ತುಂಬಿಕೊಂಡು ಹೋದರು. ಮುಂದಿನ ಸೀಲು ಮುಂದೆಯೇ ಇತ್ತು. ಹಿಂದೆ ಚಹಾ ಕಾಯಿಸುವ ಕೋಣೆಯ ಬಾಗಿಲಿಗೆ ಬ್ಯಾಂಕಿನವರು ಸೀಲು ಹಾಕುವುದನ್ನೇ ಮರೆತಿದ್ದರು, ಅದರ ಬೀಗದ ಕೈ ಸಾಹುಕಾರರ ಜೇಬಿನಲ್ಲಿತ್ತು. ಕದಿಯುವವರು ರಾತ್ರಿ ಬರುತ್ತಾರೆ, ಇವರು ಹಾಡಹಗಲೇ ಬಂದು ಮಕ್ತುಮ್ ಸಾಬನಿಂದಲೇ ಸೋಫಾ ಹೊರಿಸಿದರು.

“ನಮ್ಮ ಹತ್ಯಾರ?” ಕೆಂಚಣ್ಣ ಕೇಳಿದ.

“ಅಲ್ಲೇ ಅದಾವ್ರಿ. ಅವನ್ನ ಯಾರ್ ಒಯ್ತಾರೆ?”

ಬ್ಯಾಂಕು ಅರಗು ಹಚ್ಚಿ ಕಾಯುತ್ತಿದ್ದ ಕಂಪನಿಯ ಆಸ್ತಿ ಈಗ ನಮ್ಮ ಕೆಂಚಣ್ಣನ ಕರಣೆ ಮಾತ್ರ.

ಕೆಲವು ವಾರ ಕಳೆದು ಕೆಂಚಣ್ಣನ ಫೋನು ಬಡಿದುಕೊಂಡಿತು. ಕೊಟ್ರೇಶ್. ಫೋನಿನಲ್ಲೂ ಹೆಗಲ ಮೇಲೆ ಕೈ ಹಾಕಿದ ಹಾಗೆಯೇ ಮಾತಾಡಿದರು. ದಾವಣಗೆರೆಯಲ್ಲಿ ಅವರ ಮನೆಯ ಮುಂದೆ ಸಾಲ ಕೊಟ್ಟವರು, ಫ್ಲಾಟಿಗೆ ದುಡ್ಡು ಕಟ್ಟಿದವರು ಬಂದು ನಿಲ್ಲುತ್ತಿದ್ದರು. ಕಾಂಪೌಂಡು ಸೊಂಟದೆತ್ತರ, ವರಾಂಡದಲ್ಲಿ ಕೂತರೆ ಎಲ್ಲ ಕಾಣುತ್ತದೆ. ತಾಯಿ ಶಕುಂತಲಮ್ಮನವರಿಗೆ ಮರ್ಯಾದೆ ಹೋದಂತಾಗಿದೆ, ಗೋಡೆ ಆಳೆತ್ತರ ಆಗಬೇಕು.

“ಹೊರಗಿನೋರನ್ನ ಕರೆಯೋಕೆ ಮನಸಿಲ್ಲ ಕೆಂಚಣ್ಣ. ನೀವು ಫ್ಯಾಮಿಲಿ.”

“ಕರಣೆ ಇಲ್ಲ ಸಾವ್ಕಾರ್ರೆ. ಪೂಜೆಗೆ ಕುಂತೈತೆ. ಇನ್ನೂ ಇಳಿಸಿಲ್ಲ ನೀವು.”

“ಅದು ಬ್ಯಾಂಕಿನೋರು ಸೀಲ್ ಮಾಡ್ಯಾರೆ, ನನ್ನ ಕೈಯಾಗೆ ಏನೈತೆ?”

“ಹಿಂದಿನ ಬಾಗ್ಲು ಐತಲ್ರಿ. ಎಸಿ ಅದ್ರಾಗೇ ಬಂತಂತೆ.”

ಕೊಟ್ರೇಶ್ ದನಿ ತಗ್ಗಿಸಿ, “ನಾಳೆ ಎಲ್ಲ ಸಾಮಾನು ಮನೆಗೇ ತರಿಸ್ತೀನಿ, ಬರ್ರಿ” ಎಂದರು.

ಕೆಂಚಣ್ಣ ತನ್ನ ಜನಕ್ಕೆಲ್ಲ ಹೇಳಿ ಕಳಿಸಿದ. ಸಾಹುಕಾರರ ಗೋಡೆ ಕಟ್ಟಲು ಹೊರಟಿದ್ದಾನೆಂದು ತಿಳಿದು ನೀಲಕ್ಕ ಬಾಗಿಲಲ್ಲೇ ತಡೆದಳು. “ನಾಚಿಕೆ ಅನ್ನೋದು ಐತಾ ನಿಮಗೆ? ಮೂಗಿಗೆ ತುಪ್ಪ ಹಚ್ಚಿದ್ರೆ ಸಾಕು, ಕುಣೀತೀರಿ.” ಕೆಂಚಣ್ಣ ಒಂದು ತೆಂಗಿನಕಾಯಿ ಚೀಲಕ್ಕೆ ಹಾಕಿಕೊಂಡು ಹೋದ. ನನಗೂ ಸಿಟ್ಟು ಬಂತು. ಈ ಮನುಷ್ಯ ಸುಧಾರಿಸುವುದಿಲ್ಲ ಎಂದು ಬೈದುಕೊಳ್ಳುತ್ತಲೇ, ನೋಡಿಬಿಡೋಣ ಎಂದು ಹಿಂದೆಯೇ ನಡೆದೆ.

ಟೆಂಪೋ ಬಂದು ಗೇಟಿನ ಮುಂದೆ ನಿಂತಿತ್ತು. ಹತ್ಯಾರಗಳ ಮೇಲೆ ಚೆಂಡುಹೂವು ಒಣಗಿ ಪುಡಿಯಾಗಿತ್ತು. ಕರಣೆಗಳಿಗೆ ತುಕ್ಕು ಹತ್ತಿತ್ತು, ವಿಭೂತಿ ಪಟ್ಟೆ ಮಾತ್ರ ಹಾಗೇ ಇತ್ತು. ಜನ ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮದನ್ನು ಎತ್ತಿಕೊಂಡರು. ಪರಶುರಾಮ್ ದೂರದಲ್ಲಿ, ಕರೆಂಟು ಕಂಬದ ಹತ್ತಿರ ನಿಂತಿದ್ದ. ಕೆಂಚಣ್ಣ ತಾನೇ ಮಷಿನ್ ಎತ್ತಿ ತಂದು ಅವನ ಕೈಗೆ ಕೊಟ್ಟ. ಆಮೇಲೆ ಸಾಹುಕಾರರ ಗೇಟಿನ ಕಲ್ಲಿಗೆ ತೆಂಗಿನಕಾಯಿ ಒಡೆದು, ತನ್ನ ಕರಣೆಯ ಮೇಲಿನ ಕುಂಕುಮ ಒರೆಸಿದ.

“ಪೂಜೆ ಇಳಿಸಿದ್ವಿ ನೋಡ್ರಿ,” ಅಂದ.

ಶಕುಂತಲಮ್ಮ ವರಾಂಡದಿಂದಲೇ ಕೂಗಿದರು. “ಚಲೋ ಆತು. ಬಿಸಿಲೇರೋದ್ರೊಳಗೆ ಶುರು ಮಾಡ್ರಿ. ಹೋಗೋರು ಬರೋರೆಲ್ಲ ಒಳಗೆ ಇಣುಕ್ತಾರೆ.”

ಕೆಂಚಣ್ಣ ಕರಣೆಯನ್ನು ಚೀಲಕ್ಕೆ ಹಾಕಿಕೊಂಡ.

“ಹಬ್ಬ ಆಗ್ಲಿ ಅಮ್ಮಾರೆ. ಸೆಟ್ಲ್ ಮಾಡಣ.”

“ಯಾವ ಹಬ್ಬ?”

“ಸಾವ್ಕಾರ್ರಿಗೆ ಗೊತ್ತೈತೆ.”

ಬಾಗಿಲಲ್ಲಿ ನಿಂತಿದ್ದ ಕೊಟ್ರೇಶ್ ಒಳಗೆ ಸರಿದರು. ಹತ್ಯಾರ ಹೊತ್ತ ಜನ ಸಾಲಾಗಿ ರಸ್ತೆ ಹಿಡಿದರು. ಆ ಟೆಂಪೋದ ಬಾಡಿಗೆಯೊಂದೇ ಕಂಪನಿ ಇವರ ಲೆಕ್ಕದಲ್ಲಿ ಕೊನೆಗೆ ಖರ್ಚು ಮಾಡಿದ ಹಣ. ತಿರುವಿನ ಹತ್ತಿರ ಪರಶುರಾಮ್ ಹಿಂದಿನಿಂದ ಬಂದು ಕೆಂಚಣ್ಣನ ಜೊತೆ ಹೆಜ್ಜೆ ಹಾಕಿದ. ಅಷ್ಟು ದಿನಗಳಾದ ಮೇಲೆ ಮೊದಲ ಮಾತು ಆಡಿದ.

“ಬರ್ರಿ ಮೇಸ್ತ್ರಿ, ಚಾ ಕುಡಿಯಣ.”

ಚಹಾದಂಗಡಿಯ ಬೆಂಚಿನ ಮೇಲೆ ಇಬ್ಬರೂ ಒತ್ತಿಕೊಂಡು ಕೂತರು. ನಾನು ಬೈದುಕೊಂಡದ್ದನ್ನೆಲ್ಲ ಅಲ್ಲೇ ನುಂಗಿಕೊಂಡೆ.

ಪಗಾರದ ದೂರು ಕಚೇರಿಯಿಂದ ಕಚೇರಿಗೆ ಓಡಾಡುತ್ತಲೇ ಇದೆ. ಪರಶುರಾಮ್ ಟೈಲ್ಸ್ ಕೆಲಸಕ್ಕೆ ಮರಳಿದ. ಕೆಂಚಣ್ಣನ ಮನೆಗೆ ಗಿಲಾವು ಆಯಿತು, ಮಾಡಿಸಿದ್ದು ನೀಲಕ್ಕ, ಪಕ್ಕದಲ್ಲೇ ನಿಂತು. ಸಾಹುಕಾರರ ಗೋಡೆಗೆ ಮಾತ್ರ ಊರಿನ ಯಾವ ಮೇಸ್ತ್ರಿಯೂ ಕೈ ಹಾಕಲಿಲ್ಲ. ಬಂದವರೆಲ್ಲ ಅಳತೆ ಹಿಡಿದು, ಹಬ್ಬ ಆಗಲಿ ಎಂದು ಹೇಳಿ ಹೋದರಂತೆ.

ಈ ವರ್ಷದ ಆಯುಧಪೂಜೆಗೆ ಕೆಂಚಣ್ಣ ತನ್ನ ಕಟ್ಟೆಯ ಮೇಲೆಯೇ ಕರಣೆ ಇಟ್ಟು ಪೂಜೆ ಮಾಡಿದ. ಮರುದಿನ ಅವನ ಮೊಬೈಲಿಗೆ ಹೊಸ ನಂಬರಿನಿಂದ, ಹೊಸ ಕಂಪನಿಯ ಹೆಸರಿನಲ್ಲಿ, ಅದೇ ಬನ್ನಿ ಎಲೆಯ ಚಿತ್ರ ಬಂತು. ಕೆಂಚಣ್ಣ ಗಾಡಿ ಹತ್ತಿ ಹೋಗಿ ಬಂದ. ಆಮೇಲೆ ನನ್ನ ಹತ್ತಿರ ಬಂದು, ಈ ನಂಬರಿಗೆ ಫೋಟೊ ಕಳಿಸುವುದು ಹೇಗೆಂದು ಕೇಳಿದ. ತೋರಿಸಿಕೊಟ್ಟೆ. ಅವನು ಕಳಿಸಿದ್ದು ಸೊಂಟದೆತ್ತರದ ಆ ಕಾಂಪೌಂಡು ಗೋಡೆಯ ಫೋಟೊ. ಅದರಾಚೆ ವರಾಂಡದಲ್ಲಿ ಕೊಟ್ರೇಶ್ ಚಹಾ ಕುಡಿಯುತ್ತಿರುವುದು ಚೆನ್ನಾಗಿಯೇ ಕಾಣುತ್ತಿತ್ತು.