ಎಲುಬು ಬಿಡುವ ಹೊತ್ತು

“ಬಿಡ್ತಾ?” ಎಂದು ಒಳಗಿನ ಕೋಣೆಯಿಂದ ನನ್ನ ಹೆಂಡತಿ ವಿದ್ಯಾ ಕೇಳಿದಳು. ಅವಳು ಕೇಳಿದ್ದು ಅಡುಗೆಮನೆಯ ಕಟ್ಟೆಯ ಮೇಲಿದ್ದ ಆಡಿನ ಪಕ್ಕೆಲುಬಿನ ಬಗ್ಗೆ. ಮಾಂಸ ಎಲುಬನ್ನು ಬಿಟ್ಟಿದೆಯೇ, ಇನ್ನೂ ಹಿಡಿದುಕೊಂಡು ಕೂತಿದೆಯೇ ಎಂಬುದಷ್ಟೇ ಪ್ರಶ್ನೆ. ನಾನು ಚಾಕುವಿನ ತುದಿಯಿಂದ ಒತ್ತಿ ನೋಡಿ, “ಬಿಡ್ತು” ಎಂದೆ. ಎಂದವನು ಹಾಗೇ ನಿಂತುಬಿಟ್ಟೆ. ಒಂದು ಕಡೆ ಬೆಲ್ಲ, ಟೊಮೆಟೊ, ವಿನಿಗರ್ ಕೂಡಿ ಕುದಿಯುತ್ತಿದ್ದ ವಾಸನೆ. ಇನ್ನೊಂದು ಕಡೆ ಪಾತ್ರೆಯೊಳಗೆ ಬಟ್ಟಲಲ್ಲಿಟ್ಟ ಕೆಂಡದ ಮೇಲೆ ತುಪ್ಪ ಸುರಿದಾಗ ಎದ್ದ ಹೊಗೆ. ಎರಡೂ ಸೇರಿ ನನ್ನನ್ನು ಎಲ್ಲಿಗೋ ಎಳೆಯುತ್ತಿದ್ದವು. ಎಲ್ಲಿಗೆ ಎಂಬುದರಲ್ಲೇ ನನಗೆ ಅನುಮಾನ.

ಆ ಮಾತು ನಿಮಗೂ ಗೊತ್ತಿರುತ್ತದೆ. ಮನೆಯಲ್ಲಿ ಯಾರಾದರೂ ಬಾಯ್ತಪ್ಪಿ ಅಶುಭ ನುಡಿದರೆ ಪಕ್ಕದಲ್ಲಿದ್ದವರು ಕೂಡಲೇ “ಬಿಡ್ತು ಅನ್ನು” ಎನ್ನುತ್ತಾರೆ. ಆಡಿದವರು “ಬಿಡ್ತು” ಎಂದುಬಿಟ್ಟರೆ ಮಾತಿನ ದೋಷ ಕಳಚಿತು ಎಂದು ನಂಬಿಕೆ. ಯಾವುದು ಯಾವುದನ್ನು ಬಿಟ್ಟಿತು ಎಂದು ಹೇಳಬೇಕಾಗಿಲ್ಲ. ಕನ್ನಡದಲ್ಲಿ ಅದೊಂದು ಸೌಕರ್ಯ, ಕರ್ತೃವನ್ನು ಮನೆಯಲ್ಲೇ ಬಿಟ್ಟು ಕ್ರಿಯಾಪದ ಒಂದೇ ಊರು ಸುತ್ತಿ ಬರಬಹುದು. ನಾನಾದರೋ ಇತಿಹಾಸದಲ್ಲಿ ಎಂ.ಎ. ಮಾಡಿ, ಕಾಲೇಜಿನಲ್ಲಿ ಹುಡುಗರಿಗೆ “ಇದಕ್ಕೆ ಆಧಾರ ಏನು?” ಎಂದು ಕೇಳಿಕೇಳಿಯೇ ಕೂದಲು ನೆರೆಸಿಕೊಂಡವನು. ಇಂಥವನ್ನೆಲ್ಲ ನಂಬುವವನಲ್ಲ. ನಂಬದವನು ಭಾನುವಾರದ ಬೆಳಗ್ಗೆ ಚಾಕು ಹಿಡಿದು ಕಂಬದ ಹಾಗೆ ಯಾಕೆ ನಿಂತ ಎಂದರೆ, ಮೊದಲು ಅಡುಗೆಯ ಕಥೆ ಹೇಳಬೇಕಾಗುತ್ತದೆ.

ನನ್ನನ್ನು ಬೆಳೆಸಿದವಳು ಕಾಕು, ಅಂದರೆ ನನ್ನ ಚಿಕ್ಕಪ್ಪನ ಹೆಂಡತಿ. ಈಗ ಇದೇ ಊರಿನ ಇನ್ನೊಂದು ತುದಿಗೆ, ವಾಕಡದಲ್ಲಿ ಮಗಳ ಮನೆಯಲ್ಲಿದ್ದಾಳೆ. ಇತ್ತೀಚೆಗೆ ಅವಳಿಗೆ ಹಲ್ಲಿನ ಸೆಟ್ ಹಾಕಿಸಿದರು. ಅದು ಅವಳ ಬಾಯಿಗೆ ಒಗ್ಗಿಲ್ಲ. ಊಟಕ್ಕೆ ಕೂತರೆ ಅದನ್ನು ತೆಗೆದು ನೀರಿನ ಲೋಟದಲ್ಲಿ ಇಡುತ್ತಾಳೆ. ಮಾಂಸವಿಲ್ಲದೆ ವಾರ ಕಳೆಯದ ಹೆಂಗಸು ತಿಂಗಳುಗಟ್ಟಲೆ ಬರೀ ರಸದಲ್ಲಿ ಅನ್ನ ಕಲಸಿ ಉಣ್ಣುತ್ತಿದ್ದಾಳೆಂದು ಕೇಳಿ, ಭಾನುವಾರ ಕೋಥರೂಡದ ನಮ್ಮ ಮನೆಗೆ ಊಟಕ್ಕೆ ಬಾ, ನಾನೇ ಅಡುಗೆ ಮಾಡುತ್ತೇನೆ ಎಂದು ಫೋನು ಮಾಡಿದೆ. “ಮೆತ್ತಗ ಮಾಡ್ತೀನಂದ್ರ ಬರ್ತೀನಿ ನೋಡು. ಮಸರನ್ನಾ ಇಲ್ಲೂ ಅದ” ಎಂದಳು.

ಖೀಮಾ ಮಾಡಿದ್ದರೆ ಮುಗಿದೇ ಹೋಗುತ್ತಿತ್ತು. ಪಕ್ಕೆಲುಬೇ ಯಾಕೆ ಎಂದು ನೀವು ಕೇಳಬಹುದು. ವಿದ್ಯಾ ಕೂಡ ಕೇಳಿದಳು. ಫೋನಿನ ಒಂದು ವಿಡಿಯೊದಲ್ಲಿ ಒಬ್ಬ ದಪ್ಪ ಮನುಷ್ಯ ಬಾರ್ಬೆಕ್ಯೂ ಮಾಡಿದ ಎಲುಬನ್ನು ಎರಡು ಬೆರಳಲ್ಲಿ ಹಿಡಿದು ಎಳೆಯುತ್ತಾನೆ. ಬೆಣ್ಣೆಯಿಂದ ಕಡ್ಡಿ ತೆಗೆದಂತೆ ಅದು ಬರುತ್ತದೆ, ಒಂದು ಎಳೆಯೂ ಅಂಟಿಕೊಂಡಿರುವುದಿಲ್ಲ. ಅದನ್ನು ಎಷ್ಟು ಸಲ ನೋಡಿದೆನೋ. ಹಲ್ಲಿಲ್ಲದವರಿಗೆ ಇದಕ್ಕಿಂತ ಒಳ್ಳೆಯ ಅಡುಗೆ ಇಲ್ಲ ಎಂದು ಅವಳಿಗೆ ಹೇಳಿದೆ. ನಾನು ಮಾತ್ರ ಒಂಬತ್ತನೆಯ ವಯಸ್ಸಿನಿಂದ ಪಕ್ಕೆಲುಬು ತಿಂದವನಲ್ಲ. ಯಾರಾದರೂ ಬಡಿಸಿದರೆ, ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಹೇಳಿ ತಪ್ಪಿಸಿಕೊಳ್ಳುತ್ತ ಬಂದಿದ್ದೇನೆ.

ಶನಿವಾರ ಮಟನ್ ಅಂಗಡಿಗೆ ಹೋಗಿ ಶುದ್ಧ ಮರಾಠಿಯಲ್ಲಿ “ಬರಗಡ್ಯಾ” ಕೊಡಿ ಎಂದೆ. ಅಂಗಡಿಯವನು ಕತ್ತಿ ಕೆಳಗಿಟ್ಟು ನನ್ನನ್ನು ನೋಡಿದ. “ಡಾಕ್ಟರ ಆಹಾತ ಕಾ ಸಾಹೇಬ? ಚಾಪ ಮ್ಹಣಾ.” ನೀವೇನು ಡಾಕ್ಟರೇ ಸಾಹೇಬರೇ, ಚಾಪ್ ಅನ್ನಿ ಎಂದ. ಬರಗಡಿ ಎಂಬುದು ಎಕ್ಸ್‌ರೇಯಲ್ಲಿ ಕಾಣುವ ಮನುಷ್ಯರ ಪಕ್ಕೆಲುಬಂತೆ, ಅಂಗಡಿಯಲ್ಲಿ ತೂಗುಬಿಟ್ಟದ್ದಕ್ಕೆ ಚಾಪ್ ಎನ್ನಬೇಕಂತೆ. ಸರಿ, ಚಾಪ್ ಎಂದೆ. ಅಷ್ಟರಲ್ಲಿ ಅವನ ಕತ್ತಿ ಮೇಲೆದ್ದಿತ್ತು. ತುಂಡು ಮಾಡಬೇಡ, ಇಡಿಯಾಗಿ ಎರಡು ಸಾಲು ಕೊಡು ಎಂದು ಕೂಗಬೇಕಾಯಿತು. ಸಾರಿಗೆ ಹಾಕದೆ ಇಡೀ ಎಲುಬಿನ ಗೂಡನ್ನು ಏನು ಮಾಡುತ್ತೀರಿ, ಮನೆಯಲ್ಲಿ ನಾಯಿ ಸಾಕಿದ್ದೀರಾ ಎಂದು ಅವನು ಕೇಳಿದಾಗ ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಮೊದಲ ಸಾಲನ್ನು ಅಂದೇ ಸಂಜೆ ಹಾಳು ಮಾಡಿದೆ. ಆ ವಿಡಿಯೊದಲ್ಲಿದ್ದದ್ದು ಹಂದಿಯ ಮಾಂಸ, ನನ್ನ ಕೈಯಲ್ಲಿದ್ದದ್ದು ಡೆಕ್ಕನ್ನಿನ ಬೆಟ್ಟ ಹತ್ತಿ ಇಳಿದ ಆಡು. ಓವನ್ನಿನ ಶಾಖವನ್ನು ಪೂರ್ತಿ ಏರಿಸಿ, ಬೆಲ್ಲದ ಗೊಜ್ಜನ್ನು ಮೊದಲೇ ಬಳಿದು ಒಳಗಿಟ್ಟೆ. ಮುಕ್ಕಾಲು ಗಂಟೆಗೆ ಮೇಲೆಲ್ಲ ಇದ್ದಿಲು, ಒಳಗೆ ಚಪ್ಪಲಿಯ ಅಟ್ಟೆ. ಮೈಸೂರಿನ ನನ್ನ ಹೆಂಡತಿ ಒಂದು ತುಂಡು ಕಚ್ಚಿ ಎಳೆದು, ಸೋತು, ತಟ್ಟೆಗೆ ಹಾಕಿದಳು. “ರೀ, ಕುಕ್ಕರ್ ಅಂತ ಒಂದಿದೆ ಪ್ರಪಂಚದಲ್ಲಿ. ಆರು ವಿಷಲ್ ಹಾಕ್ಸಿ, ಆಮೇಲೆ ನಿಮ್ಮ ಬಾರ್ಬೆಕ್ಯೂ ಮೇಕಪ್ ಮಾಡ್ಕೊಳ್ಳಿ” ಎಂದಳು. ನನಗೆ ಹಟ. ಮರುದಿನ ನಸುಕಿನಲ್ಲೇ ಎದ್ದು, ಎರಡನೆಯ ಸಾಲಿನ ಹಿಂಬದಿಯ ತೆಳು ಪೊರೆಯನ್ನು ಸುಲಿದೆ. ಉಪ್ಪು, ಮೆಣಸು, ಬ್ಯಾಡಗಿ ಖಾರ ತಿಕ್ಕಿ, ಅಲ್ಯುಮಿನಿಯಂ ಹಾಳೆಯಲ್ಲಿ ಗಾಳಿಯಾಡದಂತೆ ಸುತ್ತಿ, ಸಣ್ಣ ಶಾಖದಲ್ಲಿ ಮೂರು ಗಂಟೆ ಬಿಟ್ಟೆ. ಬಾಲ್ಕನಿಯಲ್ಲಿ ಇದ್ದಿಲು ಹೊತ್ತಿಸಬಾರದೆಂದು ಸೊಸೈಟಿಯ ನಿಯಮ. ಹಾಗಾಗಿ ಒಂದೇ ತುಂಡನ್ನು ಗ್ಯಾಸಿನ ಮೇಲೆ ಇಕ್ಕಳದಲ್ಲಿ ಹಿಡಿದು ಕೆಂಡ ಮಾಡಿ, ಹೊಗೆ ಹಿಡಿಸಿದೆ. ಆಗಲೇ ವಿದ್ಯಾ ಆ ಪ್ರಶ್ನೆ ಕೇಳಿದ್ದು.

ಈಗ ನನ್ನ ನೆನಪಿನ ಸಂಗತಿಗೆ ಬರುತ್ತೇನೆ. ಎಚ್ಚರದಿಂದ ಕೇಳಿ, ಇದಕ್ಕೆ ನಾನೊಬ್ಬನೇ ಸಾಕ್ಷಿ, ಸಾಕ್ಷಿಯ ವಯಸ್ಸು ಆಗ ಒಂಬತ್ತು.

ಗದಗಿನ ಕಡೆಯಿಂದ ಬಂದ ಕಾಕಾ, ಅದೇ ನನ್ನ ಚಿಕ್ಕಪ್ಪ, ಇಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ ಗುಮಾಸ್ತ. ಪೇಠೆಯೊಳಗೆ ಚಾಳು ಎನ್ನುವ ಒಂದು ಹಳೆಯ ವಠಾರದಲ್ಲಿ ನಮ್ಮ ಎರಡು ಕೋಣೆ. ಮಾಂಸದ ಅಡುಗೆ ಮಾತ್ರ ಹಿಂದಿನ ಗ್ಯಾಲರಿಯಲ್ಲಿ, ಶೇಗಡಿಯ ಮೇಲೆ, ಎಂದರೆ ಇದ್ದಿಲಿನ ಒಲೆಯ ಮೇಲೆ. ಅಂದು ಕಾಕಾ ಅಂಗಡಿಯ ಕೆಲಸದ ಮೇಲೆ ಸೊಲ್ಲಾಪುರಕ್ಕೆ ಹೊರಟಿದ್ದರು. ಹೋಗುವ ಮುಂಚೆ ಉಣ್ಣಬೇಕೆಂದು ಪಕ್ಕೆಲುಬು ತಂದಿದ್ದರು. ಅದು ಬೇಯಲಿಲ್ಲ. ಬಸ್ಸಿನ ಹೊತ್ತಾಯಿತು. ಮಾತಿಗೆ ಮಾತು ಬೆಳೆಯಿತು. ಕಾಕಾ ಚೀಲ ಎತ್ತಿಕೊಂಡು ಉಣ್ಣದೆ ಹೋದರು. ಸಾಮಾನ್ಯವಾಗಿ “ಬರ್ತೀನಿ” ಎಂದು ಹೇಳಿ ಹೋಗುವವರು ಅಂದು ಏನೂ ಹೇಳಲಿಲ್ಲ. ನಾನು ಗ್ಯಾಲರಿಯ ಅಂಚಿನ ಮರದ ಕಟಾಂಜನ ಹಿಡಿದು ಅವರು ಹೋಗುವುದನ್ನು ನೋಡುತ್ತ, “ಕಾಕಾ ಇನ್ನ ತಿರುಗಿ ಬರೂದಿಲ್ಲ” ಎಂದೆ. ಕಾಕು, “ಬಿಡ್ತು ಅನ್ನ” ಎಂದಳು. ನಾನು ಅನ್ನಲಿಲ್ಲ. ಯಾಕೆ ಅನ್ನಲಿಲ್ಲವೋ, ಹಸಿವಿನ ಸಿಟ್ಟೋ ಹುಡುಗುಬುದ್ಧಿಯೋ. ಸೊಲ್ಲಾಪುರದ ಲಾಡ್ಜಿನಲ್ಲಿ ಕಾಕಾ ಎದೆನೋವಿನಿಂದ ತೀರಿಕೊಂಡ ಸುದ್ದಿ ಮೂರನೆಯ ದಿನ ಅಂಗಡಿಯ ಮಾಲಕರ ಮೂಲಕ ಬಂತು.

ಎದೆಯ ರಕ್ತನಾಳಕ್ಕೂ ಒಂಬತ್ತು ವರ್ಷದ ಹುಡುಗನ ನಾಲಗೆಗೂ ಸಂಬಂಧವಿಲ್ಲವೆಂದು ನನಗೆ ಗೊತ್ತು. ಇದನ್ನು ಇಡೀ ತರಗತಿಗೆ ಒಂದು ಗಂಟೆ ವಿವರಿಸಬಲ್ಲೆ. ಆದರೂ ಈ ನಲವತ್ತು ವರ್ಷದಲ್ಲಿ ಇದನ್ನು ಯಾರಿಗೂ ಹೇಳಿಲ್ಲ, ವಿದ್ಯಾಳಿಗೂ. ಹೇಳದೆ ಇದ್ದುದರಿಂದಲೋ ಏನೋ, ಅದು ನಡೆದದ್ದೋ ನಾನೇ ಕಟ್ಟಿಕೊಂಡದ್ದೋ ಎಂಬ ಅನುಮಾನ ಬೇರೆ ಸೇರಿಕೊಂಡಿತು. ಆ ಗ್ಯಾಲರಿಗೆ ಕಟಾಂಜನವಿತ್ತೇ, ಗೋಡೆಯಿತ್ತೇ? ಗೋಡೆಯಿದ್ದರೆ ನಾನು ಕಾಕಾನನ್ನು ನೋಡಿದ್ದು ಹೇಗೆ? ನನ್ನ ವಿದ್ಯಾರ್ಥಿಯೊಬ್ಬ ಇಂಥ ಆಧಾರ ಹಿಡಿದು ಬಂದಿದ್ದರೆ ಬಾಗಿಲು ತೋರಿಸುತ್ತಿದ್ದೆ.

ಒಂದು ಗಂಟೆಗೆ ಕಾಕು ಬಂದಳು. ಮೆಟ್ಟಿಲ ಬಳಿಯೇ ಮೂಗು ಅರಳಿಸಿ, “ಬೆಲ್ಲಾ ಯಾಕ ಸುಟ್ಟೀರಿ? ಹೋಳಿಗಿ ಏನರೆ ಮಾಡೀರೇನು?” ಎಂದು ವಿದ್ಯಾಳನ್ನು ಕೇಳಿದಳು. ಮಟನ್ನಿಗೆ ಬೆಲ್ಲ ಹಾಕಿದ್ದಾರೆ ಕಾಕು, ನನ್ನನ್ನೇನೂ ಕೇಳಬೇಡಿ ಎಂದು ವಿದ್ಯಾ ಕೈತೊಳೆದುಕೊಂಡಳು. ಊಟಕ್ಕೆ ಕೂತು ಕಾಕು ಹಲ್ಲಿನ ಸೆಟ್ಟನ್ನು ಲೋಟಕ್ಕೆ ಹಾಕಿದಳು. ನಾನು ಕೆಂಪಗೆ ಹೊಳೆಯುತ್ತಿದ್ದ ಒಂದು ಪಕ್ಕೆಲುಬನ್ನು ಅವಳ ತಟ್ಟೆಗಿಟ್ಟೆ. ಅವಳು ಅದನ್ನು ಅನುಮಾನದಿಂದ ಹೊರಳಿಸಿದಳು. ಆಮೇಲೆ ಎಲುಬಿನ ತುದಿ ಹಿಡಿದು ಎಳೆದಳು. ಎಲುಬು ಬರಿದಾಗಿ ಕೈಗೆ ಬಂತು, ಮಾಂಸ ತಟ್ಟೆಯಲ್ಲೇ ಉಳಿಯಿತು. ಅದನ್ನು ಒಸಡಿನಲ್ಲೇ ನುರಿದು ನುಂಗಿದಳು. ಇನ್ನೊಂದು ತೆಗೆದುಕೊಂಡಳು. ಅದರ ಎಲುಬನ್ನು ಬೆಳಕಿಗೆ ಹಿಡಿದು ನೋಡುತ್ತ, “ಇವತ್ತ ಲಗೂನ ಬಿಡ್ತಲ್ಲೊ” ಎಂದಳು.

ಇವತ್ತು ಎಂದರೆ ಯಾವತ್ತೋ ಬಿಟ್ಟಿರಲಿಲ್ಲ ಎಂದಾಯಿತು. ಅನ್ನದ ಮುಂದೆ ಕೂತು ಆಡುವ ಮಾತಲ್ಲ ಅದು, ಆಡಿಬಿಟ್ಟೆ. ಕಾಕಾ ಹೋದ ದಿನ ನಾನು ಹೀಗೆ ಅಂದೆ, ನೀನು ಬಿಡ್ತು ಅನ್ನು ಅಂದೆ, ನಾನು ಅನ್ನಲಿಲ್ಲ, ನಿನಗೆ ನೆನಪಿದೆಯಾ ಎಂದು ಕೇಳಿದೆ. ವಿದ್ಯಾ ಸೌಟು ಹಿಡಿದು ನಿಂತಲ್ಲೇ ನಿಂತಳು.

ಕಾಕು ನನ್ನ ಕಡೆ ತಿರುಗಿದಳು.

“ಹುಚ್ಚಪ್ಪ, ನೀ ಎಲ್ಲಿ ಅಂದಿ? ಅಂದಾಕಿ ನಾನು. ಹೋಗ್ಲಿ, ಅಲ್ಲೇ ಇರ್ಲಿ, ತಿರುಗಿ ಬರೂದ ಬ್ಯಾಡ ಅಂದಿದ್ದೆ. ಹಸದ ಹೋದ್ರಲ್ಲ ಅಂತ ಹೊಟ್ಟ್ಯಾಗ ಸಂಕಟಾ, ಬಾಯಾಗ ಬಂದದ್ದು ಅದು. ನೀ ನನ್ನ ಸೆರಗ ಹಿಡದು ಬಿಡ್ತು ಅನ್ನ ಕಾಕು, ಬಿಡ್ತು ಅನ್ನ ಅಂತ ಬೆನ್ನ ಹತ್ತಿದಿ.”

“ಅಂದ್ಯೇನ ನೀನು?” ಎಂದು ಕೇಳಿದೆ.

ಅವಳು ಎಲುಬನ್ನು ತಟ್ಟೆಯ ಅಂಚಿಗೆ ಒರಗಿಸಿಟ್ಟಳು. ಅದೇ ತನಗೆ ತಿಳಿಯದು ಎಂದಳು. ಮುಚ್ಚಳ ತೆಗೆದದ್ದು ನೆನಪಿದೆ, ಸೌಟಿನಿಂದ ಒತ್ತಿದಾಗ ಮಾಂಸ ಎಲುಬಿನಿಂದ ಕಳಚಿದ್ದು ನೆನಪಿದೆ. ಕಾಕಾ ಚಾಳಿನ ಮೆಟ್ಟಿಲಿಳಿದು ಹತ್ತು ನಿಮಿಷ ಆಗಿತ್ತಷ್ಟೇ. “ಬಿಡ್ತು” ಎಂದು ಬಾಯಲ್ಲಿ ಬಂದದ್ದೂ ನೆನಪಿದೆ. ಆದರೆ ಅದು ಒಲೆಯ ಮೇಲಿದ್ದದ್ದಕ್ಕೆ ಅಂದದ್ದೋ, ಹೋದವರಿಗೆ ಅಂದದ್ದೋ. ಮಾಂಸಕ್ಕೆ ಅಂದದ್ದಾದರೆ ಆಡಿದ ಕೆಟ್ಟ ಮಾತು ಹಾಗೇ ಉಳಿಯಿತಲ್ಲ.

“ಇಷ್ಟ ವರ್ಷ ಯಾರ್ನ ಕೇಳ್ಲಿ ಇದನ್ನ? ನೀ ಅಲ್ಲೇ ಇದ್ದಿ. ಕಲತಾಂವ ಇದ್ದಿ. ನೀನ ಹೇಳು.”

ಹಲ್ಲಿಲ್ಲದ ಬಾಯಿ, ಬೆಲ್ಲ ಮೆತ್ತಿದ ಬೆರಳು, ಕಣ್ಣು ನನ್ನ ಮೇಲೆ. ನಲವತ್ತು ವರ್ಷ ನಾನು ಹೊತ್ತದ್ದು ನನ್ನದೇ ಅಲ್ಲವಂತೆ. ಅಥವಾ ನನ್ನ ಮೇಲಿನ ಮರುಕಕ್ಕೆ ಈ ಕ್ಷಣದಲ್ಲಿ ಅವಳು ಅದನ್ನು ತನ್ನ ತಲೆಗೆ ಎಳೆದುಕೊಂಡಳೇ? ಅಷ್ಟು ಚುರುಕಿನ ಹೆಂಗಸೇ ಅವಳು. ಇಬ್ಬರ ಹೇಳಿಕೆಗಳೂ ಕೂಡುವುದಿಲ್ಲ, ಮೂರನೆಯ ಸಾಕ್ಷಿಯಿಲ್ಲ. ನನಗೆ ಗೊತ್ತಿಲ್ಲ ಎನ್ನುವುದೇ ನಾನು ಕಲಿತ ವಿದ್ಯೆಗೆ ಸರಿಯಾದ ಉತ್ತರ. ಅವಳ ಸೆರಗು ಹಿಡಿದದ್ದಾಗಲಿ, ಆ ಮುಚ್ಚಳವಾಗಲಿ ನನಗೆ ಒಂದಿಷ್ಟೂ ನೆನಪಿರಲಿಲ್ಲ.

“ಅಂದಿ ಕಾಕು” ಎಂದೆ. “ಎರಡ ಸಲ ಅಂದಿ. ಮದಲ ಅಂದಿ, ಆಮ್ಯಾಲೆ ಮುಚ್ಚಳಾ ತಗದಿ.”

“ಖರೇನ?”

“ಖರೇನ. ಮುಚ್ಚಳಾ ತಗ್ಯೂಕಿಂತ ಮದ್ಲ.”

ಅವಳು ತಟ್ಟೆಯನ್ನು ಒಂದಿಷ್ಟು ನನ್ನ ಕಡೆ ಸರಿಸಿದಳು. ನಾನು ಇನ್ನೊಂದು ತುಂಡು ಬಡಿಸಿದೆ, ನನಗೂ ಒಂದು ಹಾಕಿಕೊಂಡೆ. ಬೆಲ್ಲ ತುಸು ಹೆಚ್ಚಾಗಿತ್ತು. ಅದನ್ನು ಅವಳೂ ಹೇಳಿದಳು.

ಕಾಕುವನ್ನು ವಾಕಡಕ್ಕೆ ಬಿಟ್ಟು ಬಂದಾಗ ವಿದ್ಯಾ ಪಾತ್ರೆ ಉಜ್ಜುತ್ತಿದ್ದಳು. ತಿರುಗಿ ನೋಡದೆಯೇ, “ನಿಮ್ಗೆ ನಿಜವಾಗ್ಲೂ ಅಷ್ಟೆಲ್ಲಾ ನೆನಪಿತ್ತಾ?” ಎಂದು ಕೇಳಿದಳು. ಇಲ್ಲ ಎಂದು ಒಪ್ಪಿಕೊಂಡೆ. ಅವಳು ನಲ್ಲಿ ನಿಲ್ಲಿಸಿ ಒಮ್ಮೆ ನನ್ನ ಮುಖ ನೋಡಿ ಮತ್ತೆ ನಲ್ಲಿ ತಿರುಗಿಸಿದಳು.

ಅಂದಿನದು ಆಯಿತು. ಈಗ ನನ್ನ ತೊಂದರೆ ಬೇರೆ. ಇದನ್ನು ಬರೆಯುತ್ತಿರುವ ಈ ಹೊತ್ತಿಗೆ ನನಗೆ ಎಲ್ಲವೂ ನಿಚ್ಚಳವಾಗಿ ಕಾಣುತ್ತಿದೆ. ಗ್ಯಾಲರಿಯಲ್ಲಿ ಕಾಕು ಶೇಗಡಿಯ ಮುಂದೆ ಕೂತಿದ್ದಾಳೆ, ಮುಖ ಆ ಕಡೆ. ಎರಡು ಸಲ ಅನ್ನುತ್ತಾಳೆ, ಎರಡನೆಯದು ಮೆಲ್ಲಗೆ. ಕೈ ಇನ್ನೂ ಮೊಣಕಾಲಿನ ಮೇಲಿದೆ. ಆಮೇಲೆ ಸೆರಗಿನ ತುದಿಯಿಂದ ಮುಚ್ಚಳ ಹಿಡಿದು ಎತ್ತುತ್ತಾಳೆ, ಹಬೆ ಏಳುತ್ತದೆ. ನಾನೇ ಕಟ್ಟಿದ ಸಾಕ್ಷ್ಯ ಅದು ಎಂದು ನನಗೆ ಗೊತ್ತು. ಆದರೆ ಮುಚ್ಚಳವೇ ಮೊದಲು ತೆರೆಯಿತು ಎಂದು ಈಗ ಯಾರಾದರೂ ನನ್ನೆದುರು ವಾದಿಸಿದರೆ, ಅವರ ಜೊತೆ ಜಗಳಕ್ಕೆ ನಿಲ್ಲುತ್ತೇನೆ.