ಕುದುರೆ ಹತ್ತದ ಉಸ್ತಾದ್

ಸಿಂಧನೂರಿನಲ್ಲಿ ಕುದುರೆ ಸವಾರಿ ಕಲಿಸುವ ಲಾಲ್‌ಸಾಬ್ ಎಂದರೆ ಯಾರಿಗೆ ಗೊತ್ತಿಲ್ಲ? ಯುಗಾದಿ ಹತ್ತಿರವಿರುವಾಗ ಅವರು ತೀರಿಕೊಂಡ ದಿನ ಮಸ್ಕಿ, ಲಿಂಗಸುಗೂರು, ಜವಳಗೇರಾ ಕಡೆಯಿಂದೆಲ್ಲ ಜನ ಬೈಕು ಏರಿ ಬಂದಿದ್ದರು. ಬಂದ ಗಂಡಸರಲ್ಲಿ ಮುಕ್ಕಾಲು ಪಾಲು ತಮ್ಮ ಮದುವೆಯಲ್ಲಿ ಲಾಲ್‌ಸಾಬರ ಕುದುರೆ ಮೇಲೆ ಕೂತು ಮೆರೆದವರೇ. ಎಲ್ಲರ ಬಾಯಲ್ಲೂ ಒಂದೇ ಮಾತು: "ಎಂಥಾ ಸವಾರ ಹೋದ!" ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಒಳಗೆ ಕೂತಿದ್ದ ಅವರ ಹೆಂಡತಿ ಶಂಶಾದ್‌ಬೀ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಪಾಪ, ದುಃಖ ತಡೆಯಲಾಗುತ್ತಿಲ್ಲ ಅಂದುಕೊಂಡರು ನೋಡಿದವರು. ದುಃಖ ಇರಲಿಲ್ಲವೆಂದಲ್ಲ, ಬೇಕಾದಷ್ಟಿತ್ತು. ಆದರೆ ಎಂಥಾ ಸವಾರ ಎನ್ನುವುದು ಅವಳಿಗೊಬ್ಬಳಿಗೇ ಗೊತ್ತು. ಮೂವತ್ತು ಚಿಲ್ಲರೆ ವರ್ಷದ ಸಂಸಾರದಲ್ಲಿ ಆ ಮಹಾರಾಯರು ಒಂದೇ ಒಂದು ದಿನವೂ ಕುದುರೆ ಹತ್ತಿರಲಿಲ್ಲ.

ಹೌದು ಮತ್ತೆ! ಹತ್ತಿದ್ದು ಒಂದೇ ಸಲ, ತಮ್ಮ ಮದುವೆಗೆ. ಮಸ್ಕಿಯಲ್ಲಿ ಹೆಣ್ಣಿನ ಮನೆಯ ಓಣಿಗೆ ಬರಾತಿನ ಮೆರವಣಿಗೆ ತಿರುಗುವ ಹೊತ್ತಿಗೆ ಯಾರೋ ಪುಣ್ಯಾತ್ಮ ಪಟಾಕಿ ಸರ ಹಚ್ಚಿದ. ಮದುಮಗನ ಮುಖದ ತುಂಬ ಸೆಹರಾದ ಹೂವಿನ ಎಳೆಗಳು, ಮುಂದೆ ಏನಿದೆ ಒಂದೂ ಕಾಣದು. ಕುದುರೆ ಮುಂಗಾಲು ಎತ್ತಿತು, ಲಾಲ್‌ಸಾಬ್ ದೊಪ್ಪೆಂದು ನೆಲಕ್ಕೆ. ಎಬ್ಬಿಸಿ, ಧೂಳು ಕೊಡವಿ, ನಡೆಸಿಕೊಂಡೇ ಹೋಗಿ ನಿಕಾಹ್ ಮುಗಿಸಿದರು. ವಾರ ಕಳೆಯುವುದರೊಳಗೆ ಹೊಸ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಆಣೆ ಹಾಕಿಸಿಕೊಂಡರು.

"ನಾ ಇನ್ನ ಕುದುರಿ ಹತ್ತಂಗಿಲ್ಲ. ನನಗ ಹೆದರಿಕಿ ಐತಿ. ಯಾರ ಮುಂದೂ ಬಾಯಿ ಬಿಡಬ್ಯಾಡ. ನನ್ನ ಇಜ್ಜತ್ ನಿನ್ನ ಕೈಯಾಗ ಐತಿ ನೋಡು."

ಶಂಶಾದ್‌ಬೀ ಬಾಯಿ ಬಿಡಲಿಲ್ಲ. ಸ್ವಂತ ತಂಗಿಯ ಮುಂದೆಯೂ ಬಿಡಲಿಲ್ಲ.

ಹಾಗಾದರೆ ಕುದುರೆಯ ಸಹವಾಸ ಯಾಕೆ ಬೇಕಿತ್ತು ಅನ್ನುತ್ತೀರಾ? ಅವರ ಅಪ್ಪನದು ಟಾಂಗಾ. ಊರಿಗೆ ಆಟೋ ಬಂದ ಮೇಲೆ ಟಾಂಗಾ ಮೂಲೆಗೆ ಬಿತ್ತು, ಕುದುರೆ ಉಳಿಯಿತು. ಮಾರಲು ಮನಸ್ಸಿಲ್ಲ, ಸುಮ್ಮನೆ ಮೇವು ಹಾಕುವಷ್ಟು ಆಸ್ತಿಯಿಲ್ಲ. ಮದುವೆ ಮೆರವಣಿಗೆಗೆ ಬಾಡಿಗೆಗೆ ಬಿಟ್ಟರು. ಬಿಟ್ಟ ಮೊದಲ ಮದುವೆಯಲ್ಲೇ ಮದುಮಗನ ಕಾಲು ನಡುಗುವುದನ್ನು ಕಂಡು, ಈ ಬಡಪಾಯಿಗೂ ನನ್ನ ಗತಿಯೇ ಆದೀತು ಅನ್ನಿಸಿತಂತೆ. ಅಲ್ಲಿಂದ ಶುರುವಾಯಿತು ಉಸ್ತಾದಗಿರಿ. ಕುದುರೆ ಬೇಕಾದರೆ ಮದುವೆಗೆ ಮೊದಲು ಮೂರು ಮುಂಜಾನೆ ಗೊರೇಬಾಳದ ಹಾದಿಯ ಕಾಲುವೆ ದಂಡೆಗೆ ಬಂದು ಸವಾರಿ ಕಲಿಯಬೇಕು, ಇಲ್ಲದಿದ್ದರೆ ಕಾರು ತರಿಸಿಕೊಳ್ಳಿ. ಇದು ಅವರ ಕಾನೂನು. ಎಂಎಲ್ಎ ಕಡೆಯವರು ಬಂದರೂ ಅದೇ.

ಕಲಿಸುವ ರೀತಿಯೂ ಅವರದೇ. ಹತ್ತಿ ಕೂತವನ ಮುಖದ ಮೇಲೆ ಟವೆಲ್ ಇಳಿಬಿಡುತ್ತಿದ್ದರು. ಬಾಸಿಂಗವೋ ಸೆಹರಾವೋ ಕಟ್ಟಿಕೊಂಡರೆ ಎಷ್ಟು ಕಾಣುತ್ತದೋ ಅಷ್ಟೇ ಕಾಣಬೇಕು. ಆಮೇಲೆ ಪಕ್ಕದಲ್ಲಿ ಎಣ್ಣೆಯ ಖಾಲಿ ಡಬ್ಬ ಬಡಿಯುವುದು. ಈಚೆಗೆ ಮೊಬೈಲಿನಲ್ಲಿ ಡಿಜೆ ಹಾಡು ಹಚ್ಚಿ ಕುದುರೆಯ ಕಿವಿಗೇ ಹಿಡಿಯುತ್ತಿದ್ದರು. "ಮದುವ್ಯಾಗ ಯಾರೂ ಸಾವಕಾಶ ಬಾರಪ್ಪಾ ಅನ್ನಂಗಿಲ್ಲ, ಎಲ್ಲಾರೂ ಕುಣಿಯೋರ ಇರತಾರ. ಹೆದರೋದೆಲ್ಲಾ ಈಗ ಹೆದರಿ ಮುಗಿಸ್ರಿ," ಅನ್ನುವರು. ಬಲಗೈಯಲ್ಲಿ ಲಗಾಮು, ಎಡಗೈ ಸವಾರನ ಮೊಣಕಾಲಿನ ಮೇಲೆ, ಹೀಗೆ ದಂಡೆಯುದ್ದ ನಡೆಯುವುದು. ಕುದುರೆಯ ಲಾಳಕ್ಕಿಂತ ಮೊದಲು ಅವರ ಚಪ್ಪಲಿ ಸವೆಯುತ್ತಿತ್ತು.

ಈಗಿನ ಕುದುರೆಯ ಹೆಸರು ಬಿಜಲಿ. ಮಿಂಚು ಎಂದು ಹೆಸರಿಟ್ಟದ್ದು ಯಾಕೋ ದೇವರೇ ಬಲ್ಲ. ಎಮ್ಮೆ ಮೇಯಿಸುವವರು ಅದನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಮಸ್ಕಿಯಲ್ಲಿ ಮದುವೆಯಿದ್ದರೆ ಸಿಂಧನೂರಿನಿಂದ ಹಿಂದಿನ ದಿನವೇ ಹೊರಟು, ಬಿಜಲಿಯ ಬೆನ್ನು ಖಾಲಿ, ಉಸ್ತಾದರು ಪಕ್ಕದಲ್ಲಿ ನಡೆದುಕೊಂಡು! ನೋಡಿದ ಜನ, ಮದುಮಗನಿಗಾಗಿ ಕುದುರೆಯನ್ನು ಹೇಗೆ ಜೋಪಾನ ಮಾಡುತ್ತಾನೆ ನೋಡು ಎಂದು ಮೆಚ್ಚಿಕೊಳ್ಳುತ್ತಿದ್ದರು. ಒಮ್ಮೆ ಹತ್ತಿ ತೋರಿಸಿ ಎಂದು ಯಾರಾದರೂ ಗಂಟು ಬಿದ್ದರೆ ಅದಕ್ಕೂ ಜವಾಬು ತಯಾರಿತ್ತು: "ನಾ ಹತ್ತಿದ್ರ ಮದುಮಗನ್ನ ಹಿಡಿಯೋರ‍್ಯಾರು?"

ಹೊರಗೆ ಬಾಯಿ ಕಟ್ಟಿದ ಶಂಶಾದ್‌ಬೀ ಮನೆಯೊಳಗೆ ಮಾತ್ರ ಬಡ್ಡಿ ಸಮೇತ ತೀರಿಸಿಕೊಳ್ಳುತ್ತಿದ್ದಳು. ಹೊಸ ಮಂಚ ತಂದ ದಿನ, "ಸವಾರ್ ಸಾಬ್ರ, ಮಂಚ ಭಾಳ ಎತ್ತರ ಐತ್ರಿ, ಹಿಡೀಲೇನ್ರಿ?" ಅಂದಿದ್ದಳು. ಲಾಲ್‌ಸಾಬ್ ಮುನಿಸಿಕೊಂಡು ಚಾಪೆ ಹಾಸಿಕೊಂಡರು. ಸ್ವಲ್ಪ ಹೊತ್ತಿಗೆ ಚಾಪೆಯ ಕಡೆಯಿಂದಲೇ ನಗು ಕೇಳಿಸಿತು.

ಅಂಥವರು ಎದೆ ಹಿಡಿದಂತಾಗುತ್ತಿದೆ ಎಂದು ಕಟ್ಟೆಯ ಮೇಲೆ ಕೂತು, ಚಹಾ ತರುವುದರೊಳಗೆ ಹೋಗಿಬಿಟ್ಟರು. ಗಂಡ ತೀರಿಕೊಂಡವಳು ಮನೆಯೊಳಗೇ ಇರಬೇಕಾದ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಶಂಶಾದ್‌ಬೀ ಹೊಸ್ತಿಲು ದಾಟಲಿಲ್ಲ. ಸವಾರಿ ಕಲಿತ ಶಾಗಿರ್ದರೂ ಕಾದರು. ತಾವೆಲ್ಲ ಚಿಗವ್ವ ಎಂದು ಕರೆಯುವ ಶಂಶಾದ್‌ಬೀ ಹೊರಗೆ ಬರುವಂತಾದ ಮೇಲೆಯೇ ಕಾಲುವೆ ದಂಡೆಯ ಮೇಲೆ ಉಸ್ತಾದರ ನೆನಪಿಗೆ ಸಭೆ ಮಾಡುವುದೆಂದು ಮಾತಾಯಿತು.

ಸಭೆ ಎಂದ ಮೇಲೆ ಫ್ಲೆಕ್ಸ್ ಬೇಕು. ನಮ್ಮಲ್ಲಿ ಹುಟ್ಟಿದರೂ ಫ್ಲೆಕ್ಸ್, ಸತ್ತರೂ ಫ್ಲೆಕ್ಸ್. ಫೋಟೊ ಕೇಳಲು ಸುಕನ್ಯಾ ಬಂದಳು. ಲಿಂಗಸುಗೂರಿನ ಆಫೀಸೊಂದರಲ್ಲಿ ಕ್ಲರ್ಕು. ಮದುಮಗನೇ ಯಾಕೆ ಮೆರೆಯಬೇಕು ಎಂದು ಹಟ ಹಿಡಿದು, ಧಾರೆಯ ಬಿಳಿ ಸೀರೆಯುಟ್ಟು ತನ್ನ ಮದುವೆಗೆ ತಾನೇ ಬಿಜಲಿಯ ಮೇಲೆ ಬಂದವಳು. ಬೀಗರ ಕಡೆಯವರು ಗೊಣಗಿದರೂ ಉಸ್ತಾದರು ಅವಳ ಮೊಣಕಾಲ ಮೇಲಿನ ಕೈ ತೆಗೆಯದೆ ಪೆಂಡಾಲಿನವರೆಗೆ ನಡೆದಿದ್ದರು.

ಶಂಶಾದ್‌ಬೀ ಗಾಬರಿಯಾದಳು. ಕುದುರೆ ಮೇಲೆ ಕೂತ ಫೋಟೊ ಕೊಡು ಅಂದರೆ ಎಲ್ಲಿಂದ ತರುವುದು? ಆದರೆ ಸುಕನ್ಯಾ, "ಯಾವುದರ ಒಂದು ಕೊಡು ಚಿಗವ್ವಾ, ಮುಖ ಕಂಡ್ರ ಸಾಕು," ಅಂದಳು. ಬದುಕಿದೆಯಾ ಬಡಜೀವವೇ ಎಂದುಕೊಂಡು ಶಂಶಾದ್‌ಬೀ ಆಧಾರ್ ಕಾರ್ಡನ್ನೇ ಕೊಟ್ಟಳು. ಅದರಲ್ಲಿ ಲಾಲ್‌ಸಾಬ್ ಕೋಳಿ ಕದ್ದು ಸಿಕ್ಕಿಬಿದ್ದವರ ಹಾಗೆ ಕಣ್ಣರಳಿಸಿದ್ದರು.

ಭಾನುವಾರ ಸಭೆಗೆ ಹೋಗಿ ಫ್ಲೆಕ್ಸ್ ನೋಡಿದವಳು ಅಲ್ಲೇ ನಿಂತಳು. ಯಾ ಅಲ್ಲಾ! ಮುಂಗಾಲು ಎತ್ತಿ ನಿಂತ ಬಿಳಿ ಕುದುರೆ. ಅದರ ಮೇಲೆ ಜರಿ ಅಂಗಿ ತೊಟ್ಟು, ಕತ್ತಿ ಎತ್ತಿ ಹಿಡಿದ ಯಾವನೋ ಗಟ್ಟಿ ಆಳು. ಅವನ ಕುತ್ತಿಗೆಯ ಮೇಲೆ ಆಧಾರ್ ಕಾರ್ಡಿನ ಲಾಲ್‌ಸಾಬ್.

"ಹೆಂಗೈತಿ ದೊಡ್ಡವ್ವಾ?" ಎಂದು ಹಿಗ್ಗಿನಿಂದ ಕೇಳಿದವನು ಜಬೀವುಲ್ಲಾ, ಲಾಲ್‌ಸಾಬರ ತಮ್ಮನ ಮಗ, ಬಸ್‌ಸ್ಟ್ಯಾಂಡ್ ಹತ್ತಿರ ಫ್ಲೆಕ್ಸ್ ಅಂಗಡಿ ಇಟ್ಟವನು. "ಸಭಾ ಮುಗಿದ ಮ್ಯಾಲೆ ಇದನ್ನ ಸರ್ಕಲ್‌ನ್ಯಾಗ ಕಟ್ಟತೀವಿ. ಬರೋರು ಹೋಗೋರು ನೋಡಲಿ!"

ಭಾಷಣ ಶುರುವಾದವು. ಜವಳಗೇರಾದ ಗದ್ದೆಪ್ಪ ಮೊದಲು ಎದ್ದ. ಭತ್ತದ ವ್ಯಾಪಾರಿ, ಭಾರೀ ಆಸಾಮಿ. ಮದುವೆಗೆ ಮುಂಚೆ ಸವಾರಿ ಕಲಿಯಲು ಬಂದಾಗ, "ಗದ್ದೆಪ್ಪಣ್ಣಾ, ನೀವು ಕುದುರಿ ಮ್ಯಾಲೆ ಕುಂದರತೀರೋ, ಕುದುರೀನ ನೆಲದ ಮ್ಯಾಲೆ ಕುಂದರಸತೀರೋ?" ಎಂದು ಉಸ್ತಾದರಿಂದ ಅನ್ನಿಸಿಕೊಂಡವನು. ಅವನೀಗ ಶಂಶಾದ್‌ಬೀಯ ಕಡೆಗೇ ನೋಡುತ್ತ, "ಉಸ್ತಾದ್ ಕುದುರಿ ಹತ್ತಿದ್ರಂದ್ರ ಗಾಳಿ ಹಿಂದ ಬೀಳತಿತ್ರಿ! ಕಾಲುವಿ ಒಂದ ನೆಗತಕ್ಕ ದಾಟತಿದ್ರು!" ಅಂದ. ಮುಂದೆ ಎದ್ದವನು ಎರಡು ಕಾಲುವೆ ದಾಟಿಸಿದ. ಬಿಜಲಿ ಬೇವಿನ ಮರದ ಕೆಳಗೆ ಹಸಿ ಹುಲ್ಲು ತಿನ್ನುತ್ತ ನಿಂತಿತ್ತು.

ಶಂಶಾದ್‌ಬೀಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ನಾಲ್ಕು ತಿಂಗಳಿಂದ ಆ ಮುಖಕ್ಕಾಗಿ ಹಂಬಲಿಸಿದವಳು. ಇಲ್ಲಿ ಬಂದರೆ ಯಾವನದೋ ಮೈಗೆ ಅಂಟಿಸಿಟ್ಟಿದ್ದಾರೆ. ನಾಳೆ ಸರ್ಕಲ್ಲಿನಲ್ಲಿ ನೇತುಹಾಕುತ್ತಾರೆ. ಊರೆಲ್ಲ ಕತ್ತಿಯವನನ್ನೇ ಲಾಲ್‌ಸಾಬ್ ಎನ್ನುತ್ತದೆ, ಪಕ್ಕದಲ್ಲಿ ಚಪ್ಪಲಿ ಸವೆಸಿದ ಮನುಷ್ಯ ಇದ್ದನೆಂಬುದೇ ಅಳಿಸಿಹೋಗುತ್ತದೆ. ಬಾಯಿ ಬಿಟ್ಟರೆ ಅವರ ಇಜ್ಜತ್ ಹೋಗುತ್ತದೆ. ಬಿಡದಿದ್ದರೆ ಅವರೇ ಹೋಗುತ್ತಾರೆ. ಅವಳು ಎದ್ದು ನಿಂತಳು.

"ಇಳಸ್ರಿ ಅದನ್ನ."

ಭಾಷಣದವನು ಮೈಕು ಕೆಳಗಿಳಿಸಿದ.

"ಅವ ಯಾವನೋ ನನಗ ಗೊತ್ತಿಲ್ಲ. ಅವನ ಮುಂದ ಕುಂತು ನಾ ಹೆಂಗ ಅಳ್ಲಿ?" ಶಂಶಾದ್‌ಬೀ ಫ್ಲೆಕ್ಸಿನತ್ತ ಕೈ ಮಾಡಿದಳು. "ನಮ್ಮ ಮನಿಯವ್ರು ಕುದುರಿ ಹತ್ತತಿದ್ದಿಲ್ಲ. ಮದುವ್ಯಾಗ ಬಿದ್ದಿದ್ರು, ಆವತ್ತಿನಿಂದ ಹೆದರತಿದ್ರು. ಇಷ್ಟು ವರ್ಷ ನೆಲದ ಮ್ಯಾಲೆ ನಡದು ನಿಮಗೆಲ್ಲಾ ಕಲಿಸ್ಯಾರ. ನಗೋರು ನಗ್ರಿ. ಆಣಿ ಮುರದಿದ್ದು ನಾನು, ಪಾಪ ನನಗ ಬರಲಿ."

ಯಾರೂ ನಗಲಿಲ್ಲ. ಗದ್ದೆಪ್ಪ ಸುಕನ್ಯಾಳ ಮುಖ ನೋಡಿದ, ಸುಕನ್ಯಾ ಜಬೀವುಲ್ಲಾನ ಮುಖ ನೋಡಿದಳು, ಜಬೀವುಲ್ಲಾ ತನ್ನ ಬೂಟು ನೋಡಿಕೊಂಡ.

"ಚಿಗವ್ವಾ," ಅಂದ ಗದ್ದೆಪ್ಪ, ಕಳ್ಳನ ದನಿಯಲ್ಲಿ, "ನಮಗ ಗೊತ್ತಿತ್ತು."

"ಯಾರಿಗೆ?"

"ಎಲ್ಲಾರಿಗೂ. ಕಲಿಯಾಕ ಬಂದವರಿಗೆಲ್ಲಾ ಮೊದಲನೇ ದಿನಾನ ಹೇಳತಿದ್ರು. ನಾ ಹೇಳೀನಂತ ನಮ್ಮ ಮನ್ಯಾಗ ಗೊತ್ತಾಗಬಾರದು, ಆಕಿ ಜ್ವಾಕಿಯಿಂದ ಕಾಪಾಡ್ಕೊಂಡು ಬಂದಾಳ, ಬ್ಯಾಸರ ಮಾಡ್ಕೊಂತಾಳ ಅಂತ ನಮಗೂ ಆಣಿ ಹಾಕಿಸಿದ್ರು. ನಿನ್ನ ಸಲುವಾಗೇ ಈ ಕತ್ತಿ, ಈ ಕುದುರಿ ಎಲ್ಲಾ ಮಾಡಿದ್ದು."

ಶಂಶಾದ್‌ಬೀಯ ಬಾಯಿಂದ ಬೈಗುಳ ಹೊರಟವು ನೋಡಿ! "ನನ್ನ ಬಾಯಿಗೆ ಕೀಲಿ ಹಾಕಿ ತಾವು ಮೂರು ತಾಲೂಕಿಗೆ ಡಂಗುರ ಹೊಡೆದಾರೇನು? ಬರ‍್ಲಿ ಮನೀಗೆ, ಮಾಡತೀನಿ!" ಅಂದಳು. ಅಂದ ಮೇಲೆ ಅವರು ಬರುವುದಿಲ್ಲ ಎಂಬುದು ನೆನಪಾಗಿ ಚಾಪೆಯ ಮೇಲೆ ಕೂತುಬಿಟ್ಟಳು. ಜಬೀವುಲ್ಲಾ ಸದ್ದಿಲ್ಲದೆ ಹೋಗಿ ಫ್ಲೆಕ್ಸಿನ ಹಗ್ಗ ಬಿಚ್ಚತೊಡಗಿದ.

ಸುಕನ್ಯಾ ಪಕ್ಕಕ್ಕೆ ಬಂದು ಕೂತಳು. "ಬಿದ್ದಿದ್ದಷ್ಟ ಅಲ್ಲ ಚಿಗವ್ವಾ. ಬಿದ್ದ ಮ್ಯಾಲಿಂದೂ ಹೇಳ್ಯಾರ. ಮೊದಲನೇ ದಿನ ನಾ ಬಿಜಲಿ ಮ್ಯಾಲೆ ಕುಂತು ಗಡಗಡ ನಡಗಾಕತ್ತಿದ್ದೆ. ಆಗ ಅಂದ್ರು: ತಂಗಿ, ಬಿದ್ದ ಏಟಿಗೆ ನನ್ನ ಸೆಹರಾ ಹರದು ಹೋತು. ಅಂಗಾತ ಬಿದ್ದಿದ್ದೆ, ಕಣ್ಣು ತೆರೆದ್ರ ಎದುರಿಗೆ ಮಾಳಿಗಿ. ಮಾಳಿಗಿ ಮ್ಯಾಲೆ ಒಂದು ಹುಡುಗಿ, ಮೆಹಂದಿ ಹಚ್ಚಿದ ಎರಡೂ ಕೈಯಿಂದ ಬಾಯಿ ಮುಚ್ಕೊಂಡು ನಿಂತಿದ್ಲು. ನನ್ನ ಹೆಂಡ್ತಿ ಆಗಾಕಿ ಆಕೀನ ಅಂತ ಯಾರೂ ಹೇಳಲಿಲ್ಲ, ನನಗ ತಿಳೀತು. ಬೀಳದಿದ್ರ ಹೂವಿನ ಒಳಗ ಮುಖ ಇಟ್ಕೊಂಡು ಆಕೀನ ನೋಡದಂಗ ದಾಟಿ ಹೋಗತಿದ್ದೆ. ಅದಕ್ಕ ಹೆದರಬ್ಯಾಡ, ಬಿದ್ರ ಬಿದ್ದಿ."

ಮದುಮಗಳು ಕೋಣೆ ಬಿಟ್ಟು ಏಳುವಂತಿಲ್ಲ. ಅವತ್ತು ಶಂಶಾದ್‌ಬೀ ಎಲ್ಲರ ಕಣ್ಣು ತಪ್ಪಿಸಿ ಮಾಳಿಗೆ ಹತ್ತಿದ್ದಳು, ಮತ್ತೆ ಓಡಿಬಂದು ಕೂತಿದ್ದಳು. ಯಾರೂ ನೋಡಿಲ್ಲವೆಂದೇ ಇಷ್ಟು ವರ್ಷ ನಂಬಿದ್ದಳು. ಗಂಡ ಬಿದ್ದದ್ದನ್ನು ಕಣ್ಣಾರೆ ಕಂಡೆನೆಂದು ತಿಳಿದರೆ ಅವರು ಇನ್ನಷ್ಟು ನಾಚಿಕೊಂಡಾರೆಂದು, ಯಾರೋ ಹೇಳಿ ಗೊತ್ತಾಯಿತು ಎಂದೇ ಸುಳ್ಳು ಹೇಳಿಕೊಂಡು ಬಂದಿದ್ದಳು.

"ಒಂದು ಮಾತು ಮಾತ್ರ ಕಡೀತನಕ ಗೊತ್ತಾಗಲಿಲ್ಲ ಅಂತಿದ್ರು," ಎಂದಳು ಸುಕನ್ಯಾ. "ಆಕಿ ಬಾಯಿ ಮುಚ್ಕೊಂಡಿದ್ದು ನಗಿಗೋ, ಹೆದರಿಕಿಗೋ ಅಂತ. ಕೇಳಿದ್ರ ನೋಡಿದ್ದು ಗೊತ್ತಾಗತೈತಿ, ಆಕಿ ನಾಚಗೊಂತಾಳ ಅಂತ ಕೇಳಲೇ ಇಲ್ಲಂತ."

ಸಾವಿನ ಮನೆಯಲ್ಲಿ ಶಂಶಾದ್‌ಬೀ ಸೆರಗು ಒತ್ತಿ ತಡೆದಿದ್ದ ನಗು ಈಗ ತಡೆಯಲಾಗದೆ ಬಂತು. ಅದರ ಹಿಂದೆಯೇ ನಾಲ್ಕು ತಿಂಗಳ ಅಳುವೆಲ್ಲ ಒಟ್ಟಿಗೇ ಬಂತು.

"ಹೆದರಿಕಿಗವ್ವಾ," ಅಂದಳು. "ಸತ್ತ ಹೋದರಲ್ಲಪ್ಪಾ ಅಂತ ಹೆದರಿದ್ದೆ. ಒಂದು ಮಾತು ಕೇಳಿದ್ರ ಹೇಳತಿದ್ದೆ."

ಮೂಗು ಒರೆಸಿಕೊಂಡು ಸುಕನ್ಯಾಳ ಕೈ ಹಿಡಿದಳು. "ಇನ್ನೊಮ್ಮೆ ಹೇಳು ತಂಗಿ. ಅವರು ಹೇಳಿದಂಗ ಹೇಳು." ಸುಕನ್ಯಾ ಸೆರಗು ಸರಿಮಾಡಿಕೊಂಡು ಮೊದಲಿನಿಂದ ಶುರು ಮಾಡಿದಳು.