ಗ್ಲಾಸಿನ ನಿಜವಾದ ಅರ್ಧ ಕಂಡ ಹೀರಾ

ಬೆಳಗಿನ ಐದೂವರೆ. ಕಾಳಿ ನದಿ ಸಮುದ್ರ ಸೇರುವ ಕಡೆ ಕತ್ತಲು ಇನ್ನೂ ಪೂರ್ತಿ ಕರಗಿಲ್ಲ. ಸದಾಶಿವಗಡದ ರಸ್ತೆ ಬದಿಯ ಒಂದು ಬಾರಿನ ಹಿತ್ತಲಲ್ಲಿ ಬಲ್ಬು ಉರಿಯುತ್ತಿದೆ. ಅದರ ಕೆಳಗೆ ಸೀರೆ ಎತ್ತಿ ಕಟ್ಟಿಕೊಂಡು, ತಗ್ಗು ಮಣೆಯ ಮೇಲೆ ಕೂತು, ಹೀರಾ ಹರಿಕಂತ್ರ ಹಿಂದಿನ ದಿನ ಉಳಿದ ಗ್ಲಾಸುಗಳನ್ನು ತೊಳೆಯುತ್ತಿದ್ದಾರೆ. ಎದುರಿಗೆ ಮೂರು ಟಬ್ಬು. ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರೀ ನೀರು, ಮೂರನೆಯದರಲ್ಲಿ ಉಗುರು ಬೆಚ್ಚಗಿನ ನೀರಿಗೆ ಹಿಂಡಿ ಬಿಟ್ಟ ಲಿಂಬೆ ಸಿಪ್ಪೆ. ಮೀನು ಫ್ರೈ ತಿಂದ ಬೆರಳಿನ ಎಣ್ಣೆ ಗ್ಲಾಸಿಗೆ ಹತ್ತಿದರೆ ಸೋಪಿಗೆ ಹೋಗುವುದಿಲ್ಲ, ಲಿಂಬೆಗೇ ಹೋಗಬೇಕು. ಇದನ್ನು ಅವರಿಗೆ ಯಾರೂ ಕಲಿಸಿದ್ದಲ್ಲ.

ತೊಳೆದ ಪ್ರತಿ ಗ್ಲಾಸನ್ನೂ ಹೀರಾ ಬಲ್ಬಿನ ಕಡೆ ಎತ್ತಿ ಒಂದು ಸುತ್ತು ತಿರುಗಿಸಿ ನೋಡುತ್ತಾರೆ. ಕಲೆ ಇದ್ದರೆ ಮತ್ತೆ ಮೊದಲ ಟಬ್ಬಿಗೆ. ಅಂಚು ಸೀಳಿದ್ದರೆ ಪಕ್ಕದ ಡಬ್ಬಿಗೆ. ಉಳಿದವು ಹಲಗೆಯ ಮೇಲೆ ಹಾಸಿದ ಬಟ್ಟೆಯಲ್ಲಿ ಬೋರಲು. ಸಾಮಾನ್ಯ ದಿನ ಇನ್ನೂರ ನಲವತ್ತರ ಆಸುಪಾಸು, ಶನಿವಾರ ಭಾನುವಾರ ಮುನ್ನೂರೈವತ್ತಕ್ಕೂ ಮೇಲೆ. ಬೆಳಿಗ್ಗೆ ಎರಡು ತಾಸು, ಸಂಜೆ ಆರರಿಂದ ಮೂರೂವರೆ ತಾಸು. ಐವತ್ತೊಂದು ವರ್ಷದ ಹೀರಾ ಹನ್ನೆರಡು ವರ್ಷಗಳಿಂದ ಮಾಡುತ್ತಿರುವ ಕೆಲಸ ಇದು. ಎರಡೂ ಅಂಗೈಯಲ್ಲಿ ಒಡೆದ ಗಾಜು ಬರೆದ ಗೆರೆಗಳಿವೆ.

ಅವರ ತವರು ಅಂಕೋಲೆಯ ಕೇಣಿ. ಮದುವೆಯಾಗಿ ಸದಾಶಿವಗಡಕ್ಕೆ ಬಂದವರು ಹದಿನೈದು ವರ್ಷ ಬುಟ್ಟಿ ಹೊತ್ತು ಹಣಕೋಣದ ಕಡೆ ಮನೆಮನೆಗೆ ಮೀನು ಮಾರಿದರು. ಗಂಡ ಕಿಶನ ದೋಣಿಯಲ್ಲಿ ಬಲೆ ಎಳೆಯುವಾಗ ಸೊಂಟಕ್ಕೆ ಪೆಟ್ಟು ಮಾಡಿಕೊಂಡ ಮೇಲೆ ಸಮುದ್ರಕ್ಕೆ ಹೋಗಲಾಗಲಿಲ್ಲ; ಈಗ ಮನೆಯ ಜಗಲಿಯಲ್ಲಿ ಬೇರೆಯವರ ಬಲೆ ದುರಸ್ತಿ ಮಾಡುತ್ತಾರೆ. ಹೀರಾರ ಕುತ್ತಿಗೆಯೂ ಬುಟ್ಟಿಯ ಭಾರಕ್ಕೆ ಸೋತಿತು. ಮೀನು ಕೆಡದಂತೆ ಹಾಕುವ ಬರ್ಫದಲ್ಲಿ ಕೈಯಿಟ್ಟು ಇಟ್ಟು ಬೆರಳ ತುದಿಗೆ ಸ್ಪರ್ಶವೇ ತಿಳಿಯದಂತಾಯಿತು. ಆಗ ಬಾರಿನ ಮಾಲೀಕ ತುಳಸಿದಾಸ ಶೇಟರು ಗ್ಲಾಸು ತೊಳೆಯಲು ಜನ ಹುಡುಕುತ್ತಿದ್ದರು. ಬಾರಿನಲ್ಲಿ ಹೆಂಗಸು ಕೆಲಸ ಮಾಡುವುದೇ ಎಂದು ಕೇರಿಯಲ್ಲಿ ಮಾತು ಬಂತು. ನಾದಿನಿ ಆರು ತಿಂಗಳು ಮನೆಗೆ ಬರಲಿಲ್ಲ.

“ಜನ ಎಂತಾ ಬೇಕಾರೂ ಹೇಳ್ಲಿ” ಎನ್ನುತ್ತಾರೆ ಹೀರಾ. “ಶೇಟ್ರು ಬಿಸಿನೀರು ಕೊಟ್ರು. ಬರ್ಫದಲ್ಲಿ ಸತ್ತ ಬೆರಳು ಇಲ್ಲಿ ಬಂದು ಜೀವ ಆಯ್ತು. ನಾನು ಅದನ್ನ ಮರೀಬೇಕಾ?”

ಮೂರು ವರ್ಷದ ಹಿಂದಿನ ಒಂದು ಘಟನೆ ಇಲ್ಲದಿದ್ದರೆ ಹೀರಾರ ಹೆಸರು ಹಿತ್ತಲು ದಾಟಿ ಹೊರಗೆ ಬರುತ್ತಿರಲಿಲ್ಲ. ಆ ವರ್ಷದ ಬೇಸಿಗೆಯಲ್ಲಿ ಶೇಟರು ಬಾರಿಗೆ ಹೊಸ ಬಣ್ಣ ಹೊಡೆಸಿ, ಹೊಸ ಗ್ಲಾಸು ತರಿಸಿದರು. ಹಳೆಯವು ಬುಡದಿಂದ ಬಾಯಿಯವರೆಗೆ ಒಂದೇ ಅಗಲದ ನೇರ ಗ್ಲಾಸುಗಳು. ಹೊಸವಕ್ಕೆ ಬುಡ ಸಣ್ಣ, ನಡು ಬಳುಕು, ಬಾಯಿ ಅಗಲ. ಬಡಿಸುವ ತಿಮ್ಮು ಅವಕ್ಕೆ ‘ಹೂದಾನಿ’ ಎಂದು ಹೆಸರಿಟ್ಟ. ತಿಮ್ಮು ಶೆಟಗೇರಿಯವನು, ಗದ್ದೆ ಕೆಲಸ ಇಲ್ಲದ ತಿಂಗಳುಗಳಲ್ಲಿ ಬಾರಿಗೆ ಬರಲು ಶುರು ಮಾಡಿ ಇಲ್ಲೇ ನಿಂತವನು. ಗೀಚು ಬಿದ್ದು ಮಸುಕಾಗಿದ್ದ ಹಳೆಯ ಗ್ಲಾಸುಗಳು ಗೋಣಿ ಸೇರಿ ಅಟ್ಟ ಹತ್ತಿದವು.

ಈ ಬಾರಿನಲ್ಲಿ ಒಂದು ಪದ್ಧತಿಯಿದೆ. ಬಿಯರಿನ ಪ್ರತಿ ಹೊಸ ಬಾಟಲಿಗೂ ಫ್ರಿಜ್ಜಿನಲ್ಲಿಟ್ಟ ತಣ್ಣನೆಯ ಬೇರೆ ಗ್ಲಾಸು ಕೊಡುತ್ತಾರೆ. ಕುಡಿದು ಮುಗಿಸಿದ್ದು ಹಿತ್ತಲಿಗೆ ಬರುತ್ತದೆ. ಹಾಗಾಗಿ ಒಳಗೆ ಕೂತವರನ್ನು ನೋಡದೆಯೇ ಹೀರಾರಿಗೆ ಅವರ ಕುಡಿತದ ವೇಗ ಕೈಯಲ್ಲಿ ಗೊತ್ತಾಗುತ್ತದೆ. ಮೊದಲೆಲ್ಲ ಸಂಜೆ ಏಳು ಗಂಟೆಯ ಸುಮಾರಿಗೆ ಒಂದು ಲೋಟ ಚಹಾ ಕುಡಿಯುವಷ್ಟು ಬಿಡುವು ಸಿಗುತ್ತಿತ್ತು. ಹೂದಾನಿ ಗ್ಲಾಸು ಬಂದ ಮೇಲೆ ಚಹಾ ಆರಿ ಕೆನೆಗಟ್ಟತೊಡಗಿತು. ಗಿರಾಕಿ ಹೆಚ್ಚಾಗಿದ್ದಾರೆ ಎಂದುಕೊಂಡು ತಿಮ್ಮುವನ್ನು ಕೇಳಿದರು. ಅದೇ ಟೇಬಲ್, ಅದೇ ಜನ, ಒಬ್ಬರೂ ಹೆಚ್ಚಿಲ್ಲ ಎಂದ ತಿಮ್ಮು. ಸೆಖೆ ಜಾಸ್ತಿ, ಅದಕ್ಕೇ ಇರಬೇಕು ಎಂದೂ ಸೇರಿಸಿದ. ಮಳೆಗಾಲ ಬಂತು, ಸೆಖೆ ಇಳಿಯಿತು. ಗ್ಲಾಸು ಬರುವ ವೇಗ ಇಳಿಯಲಿಲ್ಲ.

ಆ ಟೇಬಲ್‌ಗಳಲ್ಲಿ ಕೂರುತ್ತಿದ್ದವರಲ್ಲಿ ಜಟ್ಟ ಒಬ್ಬರು. ಹಿಂದೆ ಕಿಶನರ ಜೊತೆ ಒಂದೇ ದೋಣಿಯಲ್ಲಿದ್ದವರು. ಹೀರಾರನ್ನು ಅತ್ತಿಗೆಯೆಂದು ಎಣಿಸಿ ವೈನಿ ಎಂದೇ ಕರೆಯುತ್ತಾರೆ. ಕುಡಿತದಲ್ಲಿ ಅವರಿಗೊಂದು ನೇಮವಿತ್ತು. ಗ್ಲಾಸು ಅರ್ಧವಾದ ಕೂಡಲೇ ಕೆಳಗಿಟ್ಟು, ಒಂದು ಬಾಂಗಡೆ ಮೀನು ತಿಂದು, ನಾಲ್ಕು ಮಾತಾಡಿ, ಆಮೇಲೆ ಉಳಿದರ್ಧ. ಎಂಟೂವರೆಗೆ ಹೆಂಡತಿ ಪೂರ್ಣಿಮಾ ಊಟ ಬಡಿಸುವ ಹೊತ್ತು. ಅಷ್ಟರೊಳಗೆ ಎರಡು ಬಾಟಲಿ ಮುಗಿಸಿ ಬೈಕು ಹತ್ತುತ್ತಿದ್ದರು. ವರ್ಷಗಳಿಂದ ಇದು ತಪ್ಪಿರಲಿಲ್ಲ.

ಆ ಸಲ ಮಳೆಗಾಲದ ಮೀನುಗಾರಿಕೆ ರಜೆ ಮುಗಿದು ದೋಣಿಗಳು ಸಮುದ್ರಕ್ಕೆ ಇಳಿದ ಮೂರನೇ ವಾರ, ಜಟ್ಟ ಎಂದಿನ ಹೊತ್ತಿಗೇ ಎದ್ದು ಹೊರಟರು. ಮನೆಯ ಹತ್ತಿರದ ತಿರುವಿನಲ್ಲಿ ಬೈಕು ಜಾರಿತು. ಎದುರಿಗೆ ಯಾರೂ ಇರಲಿಲ್ಲ ಎನ್ನುವುದೊಂದೇ ಪುಣ್ಯ. ಬಲಗಾಲಿನ ಎಲುಬು ಎರಡು ಕಡೆ ಮುರಿಯಿತು. ಮೀನು ಸಿಗುವ ಒಳ್ಳೆಯ ಕಾಲವೆಲ್ಲ ಅವರು ಮಂಚದ ಮೇಲೆ ಕಳೆಯಬೇಕಾಯಿತು.

ನೋಡಲು ಹೋದ ಹೀರಾರ ಹತ್ತಿರ ಪೂರ್ಣಿಮಾ ಅತ್ತು ಹೇಳಿಕೊಂಡರು. ಈಚೆಗೆ ಗಂಡ ಬರುವಾಗ ಮಾತು ತೊದಲುತ್ತಿತ್ತಂತೆ. ಕೇಳಿದರೆ, ಮೊದಲಿನ ಹಾಗೇ ಕುಡಿದದ್ದು ಎಂದು ಆಣೆ ಹಾಕುತ್ತಿದ್ದರಂತೆ. ಮಂಚದ ಮೇಲಿದ್ದ ಜಟ್ಟರಿಗೂ ಅದೇ ಬಗೆಹರಿಯದ ಸಂಗತಿ.

“ವೈನಿ, ನಾನು ಗಡಿಬಿಡಿ ಮಾಡ್ದವ ಅಲ್ಲ” ಎಂದರು ಅವರು. “ಗ್ಲಾಸು ಅರ್ಧಕ್ಕೆ ಬಂತು ಹೇಳಿ ಇಟ್ಟೇ ಇಟ್ಟಿದ್ದೆ. ಆದ್ರೂ ಅಷ್ಟೇ ಹೊತ್ತಿಗೆ ಮೂರು ಬಾಟ್ಲಿ ಹೆಂಗೆ ಖಾಲಿ ಆಯ್ತು?”

ಅರ್ಧ ಎಂಬ ಮಾತು ಹೀರಾರ ತಲೆಯಿಂದ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಕೆಲಸಕ್ಕೆ ಬಂದವರು ಟಬ್ಬಿನ ಮುಂದೆ ಕೂರುವ ಮೊದಲು ಒಂದು ಹೂದಾನಿ ಗ್ಲಾಸಿಗೆ ಬಾಯಿಯವರೆಗೆ ನೀರು ತುಂಬಿದರು. ಕಣ್ಣಳತೆಯಲ್ಲಿ ಅರ್ಧಕ್ಕೆ ಇಳಿಯುವವರೆಗೆ ಅದನ್ನು ತಮ್ಮ ಚಹಾದ ಸ್ಟೀಲ್ ಲೋಟಕ್ಕೆ ಬಗ್ಗಿಸಿದರು. ಲೋಟ ತುಂಬಿತು, ಚೆಲ್ಲಿ ಮತ್ತೆ ಹಿಡಿದರು, ಎರಡನೇ ಲೋಟವೂ ತುಂಬುತ್ತ ಬಂತು. ಗ್ಲಾಸಿನಲ್ಲಿ ಉಳಿದ ಕೆಳಗಿನ ಅರ್ಧವನ್ನು ಸುರಿದರೆ ಒಂದು ಲೋಟವೂ ತುಂಬಲಿಲ್ಲ. ಮೂರು ಸಲ ಮಾಡಿ ನೋಡಿದರು. ಅಟ್ಟ ಹತ್ತಿ ಹಳೆಯ ನೇರ ಗ್ಲಾಸೊಂದನ್ನು ತಂದು ಅಳೆದರು. ಅದರಲ್ಲಿ ಮೇಲಿನದೂ ಕೆಳಗಿನದೂ ಸಮಸಮ.

“ಬಾಯಿ ಅಗಲ ಅಲ್ವಾ, ಇರೂದೆಲ್ಲ ಮೇಲೇ ಇರ್ತದೆ” ಎಂದು ಈಗ ಹೀರಾ ಗ್ಲಾಸು ಹಿಡಿದೇ ವಿವರಿಸುತ್ತಾರೆ. “ಕಣ್ಣು ಅರ್ಧ ಹೇಳ್ತದೆ, ಹೊಟ್ಟೆಗೆ ಮುಕ್ಕಾಲಿನ ಹತ್ರ ಹೋಗಿರ್ತದೆ. ಜಟ್ಟ ಸುಳ್ಳು ಹೇಳ್ಲಿಲ್ಲ ಪಾಪ. ಗ್ಲಾಸು ಸುಳ್ಳು ಹೇಳ್ತು.”

ತಿಳಿದದ್ದನ್ನು ಶೇಟರಿಗೆ ಹೇಳಲು ಅವರಿಗೆ ನಾಲ್ಕು ದಿನ ಬೇಕಾಯಿತು. ಬಿಯರು ಬೇಗ ಖರ್ಚಾಗುವುದು ಬಾರಿಟ್ಟವರಿಗೆ ನಷ್ಟದ ಮಾತಲ್ಲ. ಅದನ್ನು ಕಡಿಮೆ ಮಾಡಿ ಎಂದು ಗ್ಲಾಸು ತೊಳೆಯುವವಳು ಹೇಳಿದರೆ ನಾಳೆಯಿಂದ ಬರಬೇಡ ಎನ್ನಬಹುದು. ಮನೆಯಲ್ಲಿ ಕಿಶನರ ಔಷಧಿ, ಮಗಳು ಪ್ರೇಕ್ಷಾಳ ಕಾಲೇಜು ಎರಡೂ ಇದೇ ಕೆಲಸದ ಮೇಲೆ ನಿಂತಿದ್ದವು. ಆದರೂ ಒಂದು ಬೆಳಿಗ್ಗೆ ಶೇಟರು ಹಿತ್ತಲಿಗೆ ಬಂದಾಗ ಹೀರಾ ಕೂರಲು ಹೇಳಿ, ನೀರು ಅಳೆದು ತೋರಿಸಿದರು.

“ಹೀರಾ, ನಾನು ಇಟ್ಟದ್ದು ಬಾರು, ದೇವಸ್ಥಾನ ಅಲ್ಲ” ಎಂದರು ಶೇಟರು.

“ಹೌದು ಶೇಟ್ರೇ. ಆದ್ರೆ ಬಾರಿಗೆ ಬಂದವ ಮನೆಗೂ ಹೋಗಿ ಮುಟ್ಬೇಕಲ್ಲ.”

ಶೇಟರು ಎದ್ದು ಹೋದರು. ಹೀರಾ ಆ ದಿನದ ಗ್ಲಾಸನ್ನೆಲ್ಲ ತೊಳೆದದ್ದು ಕೆಲಸ ಹೋಯಿತು ಎಂದುಕೊಂಡೇ. ಸಂಜೆ ಬಂದಾಗ ಶೇಟರು ಅವರನ್ನು ಕರೆದು, ಹಾಗಾದರೆ ಏನು ಮಾಡಬೇಕು ಅಂತೀಯಾ ಎಂದು ಕೇಳಿದರು. ನಿಜವಾದ ಅರ್ಧ ಎಲ್ಲಿದೆಯೋ ಅಲ್ಲಿ ಒಂದು ಗೆರೆ ಹಾಕುತ್ತೇನೆ ಎಂದರು ಹೀರಾ. ಹತ್ತು ಗ್ಲಾಸಿಗೆ ಮಾತ್ರ ಹಾಕು, ನೋಡೋಣ ಎಂದು ಶೇಟರು ಒಪ್ಪಿದರು.

ಗೆರೆಗೆ ಬಣ್ಣವಾದದ್ದು ಪ್ರೇಕ್ಷಾಳ ಉಗುರು ಬಣ್ಣ. ತಾಯಿ ಮಗಳು ಕೂತು ಹತ್ತು ಗ್ಲಾಸಿಗೆ ನೀರು ಅಳೆದು, ಕಣ್ಣಿಗೆ ಕಾಣುವ ಅರ್ಧಕ್ಕಿಂತ ಎರಡು ಬೆರಳು ಮೇಲೆ, ಕೆಂಪು ಉಂಗುರ ಬರೆದರು. ಗಿರಾಕಿಗಳು ಮೊದಲು ನಕ್ಕರು. ಗ್ಲಾಸಿಗೆ ಕುಂಕುಮ ಇಟ್ಟವರ್ಯಾರು ಎಂದು ಒಬ್ಬರು ಕೇಳಿದರಂತೆ. ತಿಮ್ಮು ಪ್ರತಿ ಟೇಬಲ್ಲಿಗೂ ಅದರ ಅರ್ಥ ಹೇಳಿದ. ಕೆಲವರಿಗೆ ನಂಬಿಕೆ ಬರಲಿಲ್ಲ, ಅವರೆದುರೇ ನೀರು ಹಾಕಿ ತೋರಿಸಿದ. ಗೆರೆಗೆ ಬಂದ ಕೂಡಲೇ ಗ್ಲಾಸು ಕೆಳಗಿಡುವುದು ಜನರಿಗೆ ತಾನಾಗಿ ರೂಢಿಯಾಯಿತು. ಆ ಹತ್ತು ಗ್ಲಾಸುಗಳು ಹಿತ್ತಲಿಗೆ ತಡವಾಗಿ ಬರುವುದನ್ನು ಹೀರಾ ಮೊದಲ ವಾರವೇ ಗುರುತಿಸಿದರು. ಉಜ್ಜಿ ಉಜ್ಜಿ ಬಣ್ಣ ಹದಿನೈದು ದಿನಕ್ಕೆ ಅಳಿಸಿದಾಗ, ಮತ್ತೆ ಹಾಕಲು ಶೇಟರೇ ಹೇಳಿದರು. ಈ ಸಲ ಎಲ್ಲ ಗ್ಲಾಸಿಗೂ.

ಪ್ರೇಕ್ಷಾ ಒಂದು ದಿನ ಮೊಬೈಲಿನಲ್ಲಿ ಹುಡುಕಿ, ಹೊರದೇಶದ ಸಂಶೋಧಕರೂ ಇದನ್ನೇ ಪರೀಕ್ಷೆ ಮಾಡಿದ್ದಾರೆ, ಬಳುಕಿನ ಗ್ಲಾಸಿನಲ್ಲಿ ಜನ ಬಿಯರನ್ನು ಬೇಗ ಕುಡಿಯುವುದು ಅವರಿಗೂ ಕಂಡಿದೆ ಎಂದು ತಾಯಿಗೆ ಓದಿ ಹೇಳಿದಳು.

“ಅವ್ರೂ ಎಲ್ಲೋ ಗ್ಲಾಸು ತೊಳೆದವ್ರೇ ಇರ್ಬೇಕು” ಎಂದರು ಹೀರಾ.

ಜಟ್ಟ ಮತ್ತೆ ಬಾರಿಗೆ ಬಂದದ್ದು ನಾಲ್ಕು ತಿಂಗಳ ಮೇಲೆ, ಕೋಲೂರಿಕೊಂಡು, ಅಣ್ಣನ ಮಗನ ರಿಕ್ಷಾದಲ್ಲಿ. ಒಂದೇ ಬಾಟಲಿ ಹೇಳಿದರು. ಕೆಂಪು ಗೆರೆ ಕಂಡು ತಿಮ್ಮುವನ್ನು ವಿಚಾರಿಸಿದರು. ಗೆರೆ ಹಾಕಿದ್ದು ಯಾರು, ಯಾಕೆ ಹಾಕಿದ್ದು ಎಂದು ತಿಳಿದ ಮೇಲೆ ನಿಧಾನವಾಗಿ ಕುಡಿದು ಮುಗಿಸಿದರು. ಆಮೇಲೆ ಗ್ಲಾಸು ಹಿಡಿದು, ಅಡುಗೆಮನೆ ದಾಟಿ, ಕೋಲೂರುತ್ತ ಹಿತ್ತಲಿಗೇ ಬಂದರು. ಅಲ್ಲಿಗೆ ಗಿರಾಕಿ ಬಂದದ್ದು ಅದೇ ಮೊದಲು. ಹೀರಾ ಏಳುವಷ್ಟರಲ್ಲಿ ಜಟ್ಟ ಗೋಡೆಗೆ ಒರಗಿ ಬಗ್ಗಿ, ತಮ್ಮ ಗ್ಲಾಸನ್ನು ತಾವೇ ಮೂರು ಟಬ್ಬಿನಲ್ಲೂ ಅದ್ದಿ ತೊಳೆದು ಬಟ್ಟೆಯ ಮೇಲೆ ಬೋರಲಿಟ್ಟರು.

“ಕಾಲು ಮುರಿದ ಮೇಲೆ ಮನೇಲಿ ಯಾರೂ ನನ್ನ ಮಾತು ನಂಬ್ಲಿಲ್ಲ ವೈನಿ” ಎಂದರು. “ನೀವೊಬ್ರೇ ನಂಬಿದ್ದು.”

ಸೋಪು ಸರಿ ಹೋಗಿಲ್ಲ ಎಂದು ಹೀರಾ ಆ ಗ್ಲಾಸನ್ನೇ ಎತ್ತಿಕೊಂಡು ಇನ್ನೊಮ್ಮೆ ತೊಳೆದರಂತೆ. ಮರುವಾರ ಪೂರ್ಣಿಮಾ ನೋಗ್ಲಿ ಮೀನಿನ ಒಂದು ಬುಟ್ಟಿ ಹೊತ್ತು ಹೀರಾರ ಮನೆಗೇ ಬಂದರು. ಆರು ತಿಂಗಳು ಮುಖ ತಿರುಗಿಸಿದ್ದ ಆ ನಾದಿನಿಯೂ ಅವತ್ತು ಅಲ್ಲೇ ಇದ್ದವರು, ಕೂತು ಮೀನು ಹೆಚ್ಚಿಕೊಟ್ಟರು.

ಉಗುರು ಬಣ್ಣದ ಗೆರೆ ಒಂದು ವರ್ಷ ನಡೆಯಿತು. ಬಿಯರು ಮೊದಲಿನಷ್ಟು ಬೇಗ ಖರ್ಚಾಗದಿದ್ದರೂ ಜನ ನಿಧಾನ ಕೂತು ತಿನ್ನುವುದು ಹೆಚ್ಚಾದ್ದರಿಂದ ಶೇಟರಿಗೆ ಬೇಸರವಾಗಲಿಲ್ಲ. ಹೂದಾನಿ ಗ್ಲಾಸುಗಳು ಒಂದೊಂದೇ ಒಡೆಯುತ್ತ ಬಂದಾಗ ಅವರೇ ಹೀರಾರನ್ನು ಕಾರಿನಲ್ಲಿ ಕೂರಿಸಿಕೊಂಡು ಅಂಕೋಲೆಯ ಪಾತ್ರೆ ಅಂಗಡಿಗೆ ಹೋದರು. ಅಂಗಡಿಯವನು ಶೇಟರ ಮುಂದೆ ಚಂದಚಂದದ ಗ್ಲಾಸು ಹರಡಿದ. ಶೇಟರು ಹೀರಾರ ಕಡೆ ಕೈ ತೋರಿಸಿ, ಆರಿಸುವವರು ಅವರು ಎಂದರು. ಹೀರಾ ಚೀಲದಿಂದ ಚಹಾದ ಲೋಟ ತೆಗೆದು, ಕುಡಿಯುವ ನೀರು ಕೇಳಿ ಪಡೆದು, ಒಂದೊಂದೇ ಗ್ಲಾಸಿಗೆ ತುಂಬಿ ಬಗ್ಗಿಸಿ ಅಳೆಯತೊಡಗಿದಾಗ ಅಂಗಡಿಯವನು ಕಕ್ಕಾಬಿಕ್ಕಿಯಾದ. ಅರ್ಧ ತಾಸಿನ ಮೇಲೆ ಅವರು ಆರಿಸಿದ್ದು ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ, ಯಾವ ಸೊಗಸೂ ಇಲ್ಲದ ನೇರ ಗ್ಲಾಸು. ಹನ್ನೆರಡು ಡಜನ್. ಉಳಿದ ಹೂದಾನಿಗಳಲ್ಲಿ ಈಗ ಕೋಕಂ ಶರಬತ್ತು ಕೊಡುತ್ತಾರೆ. ಶರಬತ್ತನ್ನು ಎಷ್ಟು ಬೇಗ ಕುಡಿದರೂ ಯಾರ ಬೈಕೂ ಜಾರುವುದಿಲ್ಲ.

“ನನ್ನ ಮಾತು ಕೇಳೂಕೆ ಶೇಟ್ರಿಗೆ ಎಂತಾ ದರ್ದು ಇತ್ತು ಹೇಳಿ” ಎನ್ನುತ್ತಾರೆ ಹೀರಾ. “ತಿಮ್ಮು ಟೇಬಲ್ ಟೇಬಲ್ಲಿಗೆ ಹೋಗಿ ಹೇಳ್ದ. ಮಗ್ಳು ಬಣ್ಣ ಕೊಟ್ಲು. ನಾನು ಮಾಡಿದ್ದು ಎಂತದು? ನೀರು ಅಳ್ದದ್ದು ಅಷ್ಟೇ.”

ಈಗ ಆರೂಮುಕ್ಕಾಲು. ಬೆಳಕು ಬಂದಿದೆ, ಬಲ್ಬು ಆರಿಸಿಯಾಯಿತು. ಹೀರಾ ಕೊನೆಯ ಸಾಲು ಗ್ಲಾಸುಗಳನ್ನು ಬಟ್ಟೆಯಿಂದ ಒರೆಸುತ್ತಿದ್ದಾರೆ. ಮನೆಗೆ ಹೋಗಿ ಕಿಶನರಿಗೆ ಗಂಜಿ ಕೊಡಬೇಕು. ಏನಾದರೂ ಆಸೆ ಉಳಿದಿದೆಯೇ ಎಂದರೆ ಮೊದಲು ಇಲ್ಲ ಎನ್ನುತ್ತಾರೆ. ಆಮೇಲೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, ನಾಚಿಕೊಂಡು, ಒಂದು ಇದೆ ಎಂದು ಒಪ್ಪುತ್ತಾರೆ.

“ಹನ್ನೆರಡು ವರ್ಷ ಆಯ್ತು, ಒಳಗೆ ಕುರ್ಚಿ ಮೇಲೆ ಒಂದ್ಸಲನೂ ಕೂತದ್ದಿಲ್ಲ. ನಮ್ಮನೆಯವ್ರನ್ನ ಕರ್ಕಂಡು ಬಂದು, ಇಬ್ರೂ ಎದ್ರುಬದ್ರು ಕೂತು, ಒಂದು ಬಾಂಗಡೆ ಫ್ರೈ ತಿಂದು, ಒಂದೊಂದು ಲಿಂಬು ಸೋಡಾ ಕುಡೀಬೇಕು. ಅವತ್ತು ಒಂದಿನ ಮಾತ್ರ, ಆ ಎರಡು ಗ್ಲಾಸು ಬೇರೆ ಯಾರಾದ್ರೂ ತೊಳೀಬೇಕು.”